ಮೊದಲು ಕಾಡು, ಆಮೇಲೆ ಕಡಲು: ಉಡುಪಿಯಿಂದ ಐದು ದಿನದ ರಜೆ

ಡಿಸೆಂಬರ್ ಹತ್ತಿರ ಬಂತೆಂದರೆ ನಮ್ಮ ಮನೆಗೆ ಫೋನು ಶುರು. ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ, ಮುಂಬೈಯ ಅತ್ತೆ, ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ಮಕ್ಕಳಿಗೆ ಆನೆ, ಹುಲಿ ನೋಡಬೇಕಂತೆ, ಸಮುದ್ರದಲ್ಲೂ ಆಡಬೇಕಂತೆ, ಎರಡೂ ಒಂದೇ ಸಲಕ್ಕೆ ಆಗ್ತದಾ?"

ಆಗ್ತದೆ. ಅದಕ್ಕೆ ದೇಶ ಬಿಟ್ಟು ಹೋಗಬೇಕಾಗಿಲ್ಲ. ಮಲ್ಪೆಯಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಲಕ್ಕವಳ್ಳಿಯಲ್ಲಿ ಇರಬಹುದು. ಆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ಸರಿಯಾಗಿ ಇಟ್ಟುಕೊಳ್ಳದಿದ್ದರೆ ಐದು ದಿನ ಬರೀ ರಸ್ತೆಯಲ್ಲೇ ಕಳೆದುಹೋಗುತ್ತದೆ.

ಮೊದಲ ಸಲ ನಾವು ಉಲ್ಟಾ ಮಾಡಿದ್ದೆವು. ಎರಡು ದಿನ ಮಲ್ಪೆಯಲ್ಲಿ ಆಡಿ, ಮೂರನೇ ದಿನ ನಿಧಾನಕ್ಕೆ ತಿಂಡಿ ತಿಂದು, ಒದ್ದೆ ಬಟ್ಟೆ, ಮರಳು ತುಂಬಿದ ಚಪ್ಪಲಿ ಎಲ್ಲ ಡಿಕ್ಕಿಗೆ ತುರುಕಿ ಹೊರಟದ್ದು ಹತ್ತೂವರೆಗೆ. ಆಗುಂಬೆ ಘಾಟಿಯ ನಾಲ್ಕನೇ ತಿರುವಿನಲ್ಲಿ ಮಗಳಿಗೆ ವಾಂತಿ. ತೀರ್ಥಹಳ್ಳಿಯಲ್ಲಿ ಊಟಕ್ಕೆ ನಿಂತೆವು. ಕಾಡಿನ ಲಾಡ್ಜ್ ಮುಟ್ಟುವಾಗ ನಾಲ್ಕು ದಾಟಿತ್ತು, ಸಂಜೆಯ ಜೀಪು ಹೋಗಿಯಾಗಿತ್ತು. ಮಗಳು ಕುತ್ತಿಗೆಗೆ ದುರ್ಬೀನು ನೇತುಹಾಕಿಕೊಂಡೇ ಮೆಟ್ಟಿಲ ಮೇಲೆ ಕೂತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಸಮುದ್ರ ತಡವಾಗಿ ಬಂದವರಿಗೂ ಸಿಗುತ್ತದೆ. ಸಫಾರಿ ಹಾಗಲ್ಲ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಕತ್ತಲಾಗುವ ಮುಂಚೆ ಎಲ್ಲ ವಾಹನಗಳೂ ಕಾಡಿನಿಂದ ಹೊರಗೆ ಬಂದಿರಬೇಕು. ಆದ್ದರಿಂದ ಸಮಯ ಕಟ್ಟುನಿಟ್ಟಾಗಿರುವುದನ್ನು ಮೊದಲು ಮುಗಿಸಿ. ಬೆಳಗಿನ ಜಾವ ಐದಕ್ಕೆ ಎದ್ದು, ಜೀಪಿನಲ್ಲಿ ಕುಲುಕಿ ಕುಲುಕಿ ಸುಸ್ತಾದ ಮೈಗೆ ಆಮೇಲೆ ಕಡಲ ಬದಿಯ ಎರಡು ದಿನ ನಿಜವಾಗಿ ಬೇಕಾಗುತ್ತದೆ.

ಬುಕಿಂಗ್ ಕೂಡ ಇದೇ ಲೆಕ್ಕದಲ್ಲಿ. ಕಾಡಿನ ವಸತಿ ಸಿಕ್ಕಿತೋ ಇಲ್ಲವೋ ಮೊದಲು ನೋಡಿ, ಆ ದಿನ ಗಟ್ಟಿಯಾದ ಮೇಲೆ ಬೀಚ್ ಕಡೆ ರೂಮು ಹುಡುಕಿ. ಕಾಪುವಿನಿಂದ ಮಲ್ಪೆವರೆಗೆ ಹೋಂಸ್ಟೇ ಎಷ್ಟು ಬೇಕಾದರೂ ಇವೆ, ಲಕ್ಕವಳ್ಳಿಯಲ್ಲಿ ಹಾಗಿಲ್ಲ. ಅಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್‌ನವರ ರಿವರ್ ಟರ್ನ್ ಲಾಡ್ಜ್ ಭದ್ರಾ ಹಿನ್ನೀರಿನ ದಂಡೆಯಲ್ಲೇ ಇದೆ. ಅವರ ಪ್ಯಾಕೇಜಿನಲ್ಲಿ ವಸತಿ, ಊಟ, ಸಫಾರಿ ಎಲ್ಲ ಸೇರಿರುತ್ತದೆ. ದರ ನೋಡಿ ಜಾಸ್ತಿ ಅನ್ನಿಸಬಹುದು, ಆದರೆ ಹೊರಗೆ ಉಳಿದು ಸಫಾರಿಗೆ, ಊಟಕ್ಕೆ, ಓಡಾಟಕ್ಕೆ ಬೇರೆ ಬೇರೆ ಕೊಡುವುದನ್ನು ಕೂಡಿಸಿ ನೋಡಿದ ಮೇಲೆ ತೀರ್ಮಾನ ಮಾಡಿ. ಖರ್ಚು ಕಡಿಮೆ ಆಗಬೇಕೆಂದರೆ ಭದ್ರಾದ ಇನ್ನೊಂದು ಬದಿ, ಚಿಕ್ಕಮಗಳೂರು ಕಡೆಯ ಮುತ್ತೋಡಿಯಲ್ಲಿ ಅರಣ್ಯ ಇಲಾಖೆಯ ಸಫಾರಿ ಇದೆ. ಶನಿವಾರ, ಭಾನುವಾರ ಬಿಟ್ಟು ವಾರದ ನಡುವೆ ಹೋದರೆ ಎಲ್ಲದಕ್ಕೂ ಅನುಕೂಲ.

ಈಗ ಹೊರಡುವ ದಿನ. ಉಡುಪಿಯಿಂದ ಬೆಳಿಗ್ಗೆ ಐದಕ್ಕೆ ಹೊರಡಿ. ಇದರಲ್ಲಿ ಮಾತ್ರ ರಾಜಿ ಬೇಡ. ಹೆಬ್ರಿ ದಾಟಿ ಸೋಮೇಶ್ವರದ ಹತ್ತಿರ ಬರುವಾಗ ಬೆಳಕು ಹರಿಯುತ್ತಿರುತ್ತದೆ, ಅಲ್ಲಿಂದ ಆಗುಂಬೆಯ ಹದಿನಾಲ್ಕು ತಿರುವು. ಮಕ್ಕಳಿಗೆ ಹೊಟ್ಟೆ ತುಂಬ ಏನೂ ಕೊಡಬೇಡಿ, ತಿಂಡಿ ಘಾಟಿ ಹತ್ತಿದ ಮೇಲೆ. ಘಾಟಿಯಲ್ಲಿ ಮಂಗಗಳಿಗೆ ಬಿಸ್ಕತ್ತು, ಬಾಳೆಹಣ್ಣು ಎಸೆಯುವುದನ್ನು ದಯವಿಟ್ಟು ಮಾಡಬೇಡಿ. ಇದು ಸಿಂಗಳೀಕ ಇರುವ ಕಾಡು. ಮರದ ಮೇಲೆಯೇ ಬದುಕಬೇಕಾದ ಪ್ರಾಣಿ ತಿನ್ನುವ ಆಸೆಗೆ ರಸ್ತೆಗೆ ಇಳಿದರೆ ಗಾಡಿಯ ಅಡಿಗೆ ಬೀಳುತ್ತದೆ, ಅಲ್ವಾ?

ಬೇಗ ಹೊರಟದ್ದಕ್ಕೆ ದಾರಿಯಲ್ಲೇ ಒಂದು ಒಳ್ಳೆಯದು ಸಿಗುತ್ತದೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗುವ ರಸ್ತೆಯಲ್ಲೇ, ಗಾಜನೂರು ಅಣೆಕಟ್ಟಿನ ಹಿನ್ನೀರಿನ ಬದಿಯಲ್ಲಿ ಸಕ್ರೆಬೈಲು ಆನೆ ಬಿಡಾರ ಇದೆ. ಆನೆಗಳನ್ನು ನೀರಿಗೆ ಇಳಿಸಿ ಮೈ ತಿಕ್ಕುವುದು ಬೆಳಿಗ್ಗೆ ಮಾತ್ರ, ಆಮೇಲೆ ಅವನ್ನು ಕಾಡಿಗೆ ಬಿಡುತ್ತಾರೆ. ಒಂಬತ್ತರ ಹೊತ್ತಿಗೆ ಅಲ್ಲಿದ್ದರೆ ಮಾವುತ ಆನೆಯ ಕಿವಿಯ ಹಿಂದೆ ನೀರು ಎರಚುವುದು, ಮರಿ ಆನೆ ಪೂರ್ತಿ ಮುಳುಗಿ ಬರೀ ಸೊಂಡಿಲ ತುದಿ ಮೇಲೆ ಇಟ್ಟುಕೊಳ್ಳುವುದು ಎಲ್ಲ ಹತ್ತಿರದಿಂದ ಕಾಣುತ್ತದೆ. ಒಂದು ಗಂಟೆ ಸಾಕು. ಅಲ್ಲಿಂದ ಶಿವಮೊಗ್ಗ ದಾಟಿ ಲಕ್ಕವಳ್ಳಿ. ಊಟ, ಸ್ವಲ್ಪ ನಿದ್ದೆ, ಸಂಜೆಯ ಸಫಾರಿಗೆ ಆರಾಮ.

ಹುಲಿ ಸಿಗುತ್ತದಾ? ಸಿಗಬಹುದು. ಮಕ್ಕಳಿಗೆ ಮಾತ್ರ ಮೊದಲೇ ಹೇಳಿ ಇಟ್ಟಿರಿ, ಇದು ಮೃಗಾಲಯ ಅಲ್ಲ ಅಂತ. ಭದ್ರಾ ಹುಲಿ ಯೋಜನೆಗೆ ಸೇರಿದ್ದು 1998ರಲ್ಲಿ. ಕೆಲವೇ ವರ್ಷಗಳಲ್ಲಿ ಒಳಗಿದ್ದ ಹಳ್ಳಿಗಳವರು ಜಮೀನು, ಮನೆ ಪಡೆದು ಹೊರಗೆ ಬಂದರು. ಅಜ್ಜನ ಕಾಲದ ಗದ್ದೆ ಬಿಟ್ಟು ಬಂದವರಿಂದ ಈ ಕಾಡಿಗೆ ಇಷ್ಟು ನೆಮ್ಮದಿ ಸಿಕ್ಕಿದೆ, ಅದನ್ನೂ ಮಕ್ಕಳಿಗೆ ಹೇಳಬೇಕು. ಕಾಡು ದಟ್ಟ, ಬಿದಿರು ಜಾಸ್ತಿ, ಹತ್ತು ಮಾರು ದೂರದಲ್ಲಿ ಹುಲಿ ಕೂತಿದ್ದರೂ ಗೊತ್ತಾಗುವುದಿಲ್ಲ. ಕಾಟಿ, ಕಡವೆ, ಜಿಂಕೆ, ಮಲಬಾರ್ ದೊಡ್ಡ ಅಳಿಲು ಕಾಣುವ ಸಾಧ್ಯತೆ ಚೆನ್ನಾಗಿದೆ.

ಒಂದು ಸಂಜೆ ನಮ್ಮ ಡ್ರೈವರ್ ಇದ್ದಕ್ಕಿದ್ದ ಹಾಗೆ ಇಂಜಿನ್ ಬಂದ್ ಮಾಡಿದರು. ಕೈಯಲ್ಲೇ ಸುಮ್ನಿರಿ ಅಂದರು. ದೂರದಲ್ಲಿ ಕಡವೆ ಒಮ್ಮೆ ಕೂಗಿತು, ತಗಡಿಗೆ ಬಡಿದ ಹಾಗೆ ಒಂದೇ ಗಟ್ಟಿ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಅವರು ಜೀಪಿನಿಂದ ಇಳಿಯದೆ ಕೆಳಗೆ ಬೆರಳು ತೋರಿಸಿದರು. ಕೆಸರಿನಲ್ಲಿ ನನ್ನ ಅಂಗೈಗಿಂತ ಅಗಲದ ಹೆಜ್ಜೆ, ಅದರೊಳಗೆ ನೀರು ಇನ್ನೂ ಜಿನುಗುತ್ತಿತ್ತು. ಅಂದರೆ ಹುಲಿ ಆಗಷ್ಟೇ ದಾಟಿದೆ. ಅರ್ಧ ಗಂಟೆ ಕಾದೆವು. ಬರಲಿಲ್ಲ. ಮಗಳು ಆ ಹೆಜ್ಜೆಯ ಚಿತ್ರವನ್ನು ಶಾಲೆಯ ಪುಸ್ತಕದಲ್ಲಿ ಬರೆದಳು. ಇಷ್ಟು ಸಿಗಬೇಕೆಂದರೆ ಜೀಪಿನಲ್ಲಿರುವ ಎಲ್ಲರೂ ಬಾಯಿ ಮುಚ್ಚಿಕೊಂಡಿರಬೇಕು. ಫೋನ್ ಸೈಲೆಂಟ್, ಕೆಂಪು, ಬಿಳಿ ಬಟ್ಟೆ ಬೇಡ, ಸೆಂಟ್ ಬೇಡ, ಚಿಪ್ಸ್ ಪ್ಯಾಕೆಟ್ಟಿನ ಸರಬರ ಬೇಡ.

ಎರಡನೇ ಬೆಳಿಗ್ಗೆ ದೋಣಿ ಸಫಾರಿ ಕೇಳಿ ತೆಗೆದುಕೊಳ್ಳಿ, ಇದು ಭದ್ರಾದ ವಿಶೇಷ. ಮಳೆಗಾಲ ಕಳೆದಾಗ ಜಲಾಶಯ ತುಂಬಿರುತ್ತದೆ. ಬೇಸಿಗೆಗೆ ನೀರು ಇಳಿದ ಹಾಗೆ ನಡುವೆ ಚಿಕ್ಕ ಚಿಕ್ಕ ದ್ವೀಪಗಳು ಏಳುತ್ತವೆ, ಆ ಬರಿ ನೆಲದ ಮೇಲೆ ರಿವರ್ ಟರ್ನ್ ಹಕ್ಕಿಗಳು ರಾಶಿ ರಾಶಿಯಾಗಿ ಬಂದು ಮೊಟ್ಟೆ ಇಡುತ್ತವೆ. ಹಳದಿ ಕೊಕ್ಕು, ಕರಿ ಟೋಪಿ ಹಾಕಿದಂಥ ತಲೆ, ಒಂದು ಮೀನಿಗೆ ನಾಲ್ಕು ಹಕ್ಕಿ ಜಗಳ. ದಂಡೆಯಲ್ಲಿ ಹೊಸ ಹುಲ್ಲು ಚಿಗುರುವುದರಿಂದ ಆನೆಗಳೂ ಬರುತ್ತವೆ. ಕಾಡಿನಲ್ಲಿ ಎರಡು ರಾತ್ರಿ ಉಳಿಯಿರಿ ಎಂದು ನಾನು ಹೇಳುವುದು ಇದಕ್ಕೇ. ಒಂದು ರಾತ್ರಿಯಾದರೆ ಎರಡೇ ಸಫಾರಿ, ಒಂದು ದಿನ ಮಳೆಯೋ ಮಂಜೋ ಬಂದರೆ ಅದೂ ಇಲ್ಲ.

ಯಾವ ತಿಂಗಳು? ನನ್ನನ್ನು ಕೇಳಿದರೆ ಫೆಬ್ರವರಿ. ಹಕ್ಕಿಗಳು ಬಂದಿರುತ್ತವೆ, ಕಡಲು ಶಾಂತ, ನಮ್ಮೂರಿನ ಸೆಖೆ ಇನ್ನೂ ಪೂರ್ತಿ ಏರಿರುವುದಿಲ್ಲ. ಶಾಲೆಯ ರಜೆ ನೋಡಬೇಕೆಂದರೆ ಡಿಸೆಂಬರ್, ಆಗ ಜೀಪಿನಲ್ಲಿ ಸ್ವೆಟರ್, ಕಿವಿಗೆ ಮಫ್ಲರ್ ಬೇಕೇ ಬೇಕು. ಏಪ್ರಿಲ್‌ನಲ್ಲಿ ಪ್ರಾಣಿ ಕಾಣುವುದು ಜಾಸ್ತಿ, ಆದರೆ ಕರಾವಳಿಯಲ್ಲಿ ಬೆಳಿಗ್ಗೆ ಒಂಬತ್ತರ ಮೇಲೆ ಮರಳಿನಲ್ಲಿ ಕಾಲಿಡಲಾಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. ಕಾಡಿನಲ್ಲಿ ಇಂಬಳ, ಘಾಟಿಯಲ್ಲಿ ಗುಡ್ಡ ಜರಿಯುವ ಭಯ, ಕಡಲಿಗೆ ಇಳಿಯುವ ಹಾಗಿಲ್ಲ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೂ ರಜೆ, ಹಾಗಾಗಿ ಒಳ್ಳೆಯ ಮೀನೂ ಕಷ್ಟ.

ಇನ್ನೊಂದು ವಿಷಯ, ಇದನ್ನು ಪ್ರವಾಸದ ಜಾಹೀರಾತಿನಲ್ಲಿ ಯಾರೂ ಹಾಕುವುದಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡದ್ದು, ಉಣುಗು ಕಚ್ಚಿ ಹರಡುತ್ತದೆ. ಜೀಪಿನಲ್ಲಿ ಕೂತು ಸಫಾರಿ ಮಾಡುವುದಕ್ಕೆ ಹೆದರಬೇಕಾಗಿಲ್ಲ. ಆದರೆ ದಾರಿಯಲ್ಲಿ ಕಾರು ನಿಲ್ಲಿಸಿ ತರಗೆಲೆಯ ಮೇಲೆ ಕೂತು ಬುತ್ತಿ ಬಿಚ್ಚುವುದು, ಮಕ್ಕಳನ್ನು ಪೊದೆಯೊಳಗೆ ಬಿಡುವುದು ಬೇಡ. ತುಂಬು ತೋಳು, ಪೂರ್ತಿ ಪ್ಯಾಂಟು ಹಾಕಿ. ವಾಪಸ್ ಬಂದ ಮೇಲೆ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಮೈಯೆಲ್ಲ ನೋಡಿಕೊಳ್ಳಿ. ಊರಿಗೆ ಹೋದ ಮೇಲೆ ಒಂದೆರಡು ವಾರದೊಳಗೆ ಜೋರು ಜ್ವರ ಬಂದರೆ ಡಾಕ್ಟರಿಗೆ ಕಾಡಿಗೆ ಹೋಗಿದ್ದೆವು ಎಂದು ಮೊದಲೇ ಹೇಳಬೇಕು.

ಮೂರನೇ ದಿನ ಬೆಳಗಿನ ಸಫಾರಿ, ತಿಂಡಿ ಮುಗಿಸಿ ಘಾಟಿ ಇಳಿಯಿರಿ. ಆಗುಂಬೆಯಲ್ಲಿ ಸೂರ್ಯಾಸ್ತ ನೋಡಲು ಕಾಯುವವರಿದ್ದಾರೆ, ಆಕಾಶ ಶುಭ್ರವಾಗಿದ್ದರೆ ಅಲ್ಲಿಂದಲೇ ಅರಬ್ಬೀ ಸಮುದ್ರ ಕಾಣುತ್ತದೆ. ಆದರೆ ಕತ್ತಲಲ್ಲಿ ಆ ತಿರುವು ಇಳಿಯುವುದು ನನಗೆ ಇಷ್ಟವಿಲ್ಲ. ಅದೇ ಸೂರ್ಯ ಕಾಪುವಿನಲ್ಲೂ ಮುಳುಗುತ್ತಾನೆ.

ಬೀಚ್ ಆರಿಸುವಾಗ ನಿಮಗೆ ಏನು ಬೇಕು ನೋಡಿ. ಜನ, ಅಂಗಡಿ, ವಾಟರ್ ಸ್ಪೋರ್ಟ್ಸ್ ಬೇಕಾದರೆ ಮಲ್ಪೆ. ಸ್ವಚ್ಛ ಶೌಚಾಲಯ, ಬಟ್ಟೆ ಬದಲಿಸಲು ಜಾಗ, ಚಿಕ್ಕ ಮಕ್ಕಳು ಅಂತಿದ್ದರೆ 2020ರಲ್ಲಿ ಬ್ಲೂ ಫ್ಲಾಗ್ (ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕಿದ ಪಡುಬಿದ್ರಿ. ಕಾಪುವಿನಲ್ಲಿ ಬಂಡೆಯ ಮೇಲೆ 1901ರ ದೀಪಸ್ತಂಭ ಇದೆ. ಸುಮ್ನೆ ಕೂರಬೇಕು ಅನ್ನುವವರಿಗೆ ಕೆಮ್ಮಣ್ಣು ಕಡೆಯ ಕೋಡಿ ಬೆಂಗ್ರೆ, ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು. ಮರವಂತೆ ನೋಡಲು ಬಹಳ ಚಂದ, ಹೆದ್ದಾರಿಯ ಒಂದು ಬದಿ ಸೌಪರ್ಣಿಕಾ, ಮತ್ತೊಂದು ಬದಿ ಸಮುದ್ರ, ಆದರೆ ನೀರಿಗೆ ಇಳಿಯಬೇಡಿ.

ನೀರಿನ ಬಗ್ಗೆ ಒಂದು ಮಾತು, ಪ್ರತಿ ವರ್ಷ ಘಟ್ಟದ ಮೇಲಿನಿಂದ ಬಂದ ಹುಡುಗರು ಇಲ್ಲಿ ಜೀವ ಕಳೆದುಕೊಳ್ಳುತ್ತಾರೆ, ಅದಕ್ಕೇ ಹೇಳುತ್ತೇನೆ. ಅಲೆ ಒಡೆಯುತ್ತಿರುವ ಕಡೆ ಅಪಾಯ, ಅಲೆ ಇಲ್ಲದ ಕಡೆ ಸುರಕ್ಷಿತ ಎಂದು ಹೊಸಬರು ತಿಳಿಯುತ್ತಾರೆ. ಎರಡು ಅಲೆಗಳ ಸಾಲಿನ ನಡುವೆ ಸ್ವಲ್ಪ ಕಪ್ಪಗೆ, ಶಾಂತವಾಗಿ ಕಾಣುವ ಪಟ್ಟಿ ಇದ್ದರೆ ದಡಕ್ಕೆ ಬಂದ ನೀರೆಲ್ಲ ವಾಪಸ್ ಹೋಗುವ ದಾರಿಯೇ ಅದು, ಸೆಳೆತ ಇರುವುದು ಅಲ್ಲೇ. ಸಿಕ್ಕಿಬಿದ್ದರೆ ದಡದ ಕಡೆಗೆ ಈಜಲು ಒದ್ದಾಡಬೇಡಿ, ಸುಸ್ತಾಗುವುದೊಂದೇ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ಮುಗಿದ ಮೇಲೆ ಅಲೆಯ ಜೊತೆ ಬನ್ನಿ. ಈಜು ಬಾರದವರು ಮೊಣಕಾಲಿನ ನೀರು ದಾಟಬೇಡಿ. ಲೈಫ್‌ಗಾರ್ಡ್ ಸೀಟಿ ಊದಿದರೆ ವಾದ ಬೇಡ.

ನಾಲ್ಕನೇ ದಿನ ಮಲ್ಪೆಯಿಂದ ಬೆಳಗಿನ ಮೊದಲ ದೋಣಿಗೆ ಸೇಂಟ್ ಮೇರೀಸ್ ದ್ವೀಪ. ಹೊತ್ತು ಏರಿದರೆ ನೆರಳು ಸಾಲದು. ಅಲ್ಲಿಯ ಕಂಬದಂಥ ಕಲ್ಲುಗಳನ್ನು ಯಾರೂ ಕಡಿದು ನಿಲ್ಲಿಸಿದ್ದಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುವ ಕಾಲದಲ್ಲಿ, ಮೇಲೆ ಬಂದ ಲಾವಾ ತಣಿಯುತ್ತಾ ಕುಗ್ಗಿ ಹೀಗೆ ಮೂಲೆ ಮೂಲೆಯಾಗಿ ಸೀಳಿದ್ದು. ಗದ್ದೆಯ ಕೆಸರು ಒಣಗಿ ಬಿರುಕು ಬಿಡುತ್ತದಲ್ಲ, ಹಾಗೆ. ಮಕ್ಕಳಿಗೆ ಒಂದು ಕಲ್ಲಿನ ಬದಿಗಳನ್ನು ಎಣಿಸಲು ಹೇಳಿ, ಕೆಲವಕ್ಕೆ ಐದು, ಕೆಲವಕ್ಕೆ ಆರು. ಮಧ್ಯಾಹ್ನಕ್ಕೆ ವಾಪಸ್ ಬಂದು ಬಂಗುಡೆ ಫ್ರೈ, ಮೀನು ತಿನ್ನದವರು ಮಟ್ಟು ಗುಳ್ಳದ (ಇಲ್ಲಿಯ ಮಟ್ಟು ಊರಿನ ಬದನೆ) ಸಾಂಬಾರು ಸಿಗುವ ಕಡೆ ಹುಡುಕಿ, ಸಂಜೆ ಕೃಷ್ಣಮಠ, ರಥಬೀದಿ.

ಮಂಗಳೂರಿನಿಂದ ಹೊರಡುವವರಿಗೆ ಮುತ್ತೋಡಿ ಹತ್ತಿರ. ಉಜಿರೆ, ಚಾರ್ಮಾಡಿ ಘಾಟಿ, ಕೊಟ್ಟಿಗೆಹಾರ, ಚಿಕ್ಕಮಗಳೂರು ಹೀಗೆ ದಾರಿ. ನಾಗರಹೊಳೆಯೇ ಬೇಕು ಅಂದರೆ ಸಂಪಾಜೆ, ಮಡಿಕೇರಿ, ಗೋಣಿಕೊಪ್ಪ ಮೂಲಕ ಕುಟ್ಟದ ನಾಣಚ್ಚಿ ಗೇಟು. ಆದರೆ 2025ರ ನವೆಂಬರ್‌ನಲ್ಲಿ ಹುಲಿ ದಾಳಿಯಲ್ಲಿ ರೈತರು ಸತ್ತ ಮೇಲೆ ನಾಗರಹೊಳೆ, ಬಂಡೀಪುರದ ಸಫಾರಿಯನ್ನೇ ನಿಲ್ಲಿಸಿದ್ದರು. ಯಾವ ಕಾಡಾದರೂ ಹೊರಡುವ ಎರಡು ದಿನ ಮುಂಚೆ ಒಂದು ಫೋನ್ ಮಾಡಿ ಕೇಳಿಕೊಳ್ಳಿ.

ಬೆಂಗಳೂರಿನವರಂತೂ ಒಮ್ಮೆ ಬಂದ ದಾರಿಯಲ್ಲಿ ವಾಪಸ್ ಹೋಗಬೇಕಾಗಿಯೇ ಇಲ್ಲ. ಶಿವಮೊಗ್ಗದ ರೈಲಿನಲ್ಲಿ ತರೀಕೆರೆಯಲ್ಲೋ ಭದ್ರಾವತಿಯಲ್ಲೋ ಇಳಿದು ಲಕ್ಕವಳ್ಳಿ, ಅಲ್ಲಿಂದ ಟ್ಯಾಕ್ಸಿಯಲ್ಲಿ ಘಾಟಿ ಇಳಿದು ಉಡುಪಿ, ಕೊನೆಗೆ ಉಡುಪಿಯ ಇಂದ್ರಾಳಿ ಸ್ಟೇಷನ್‌ನಿಂದ ಬೆಂಗಳೂರಿಗೆ ಪಂಚಗಂಗಾ ಎಕ್ಸ್‌ಪ್ರೆಸ್. ರೈಲು ರಾತ್ರಿಗೆ, ಆದ್ದರಿಂದ ಐದನೇ ದಿನ ಏನೂ ಇಟ್ಟುಕೊಳ್ಳಬೇಡಿ, ಸಂಜೆವರೆಗೆ ಕಡಲ ಬದಿಯಲ್ಲೇ ಇರಿ. ಉಪ್ಪುಗಾಳಿ ತಾಗಿದ ಕ್ಯಾಮೆರಾ, ದುರ್ಬೀನನ್ನು ಸ್ವಲ್ಪವೇ ಒದ್ದೆ ಮಾಡಿದ ಬಟ್ಟೆಯಲ್ಲಿ ಒರೆಸಿ ಒಳಗಿಡಿ, ಒದ್ದೆ ಬಟ್ಟೆಗೆ ಒಂದು ಚೀಲ ಬೇರೆಯೇ ಇರಲಿ.