ಜಿಂಕೆ ಬೇಟೆಗೆ ಆಸರೆಗೋಲು: ನಾನು ಆರಿಸಿಕೊಂಡದ್ದು, ನಾನೇ ಮಾಡಿಕೊಂಡದ್ದು

ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನ ಕಾಡಂಚುಗಳಲ್ಲಿ, ಜಮೀನಿನ ಒಡೆಯರ ಒಪ್ಪಿಗೆ ಮತ್ತು ಬಂದೂಕಿನ ಪರವಾನಗಿಯೊಂದಿಗೆ, ನಾನು ರೋ ಎಂಬ ಸಣ್ಣ ಜಾತಿಯ ಜಿಂಕೆ ಮತ್ತು ಮುಂಟ್‌ಜಾಕ್‌ಗಳನ್ನು ಬೇಟೆಯಾಡುತ್ತೇನೆ. ಮುಂಟ್‌ಜಾಕ್ ನಮ್ಮ ಮಲೆನಾಡಿನ ಕಾಡುಕುರಿಯ ಹತ್ತಿರದ ಬಂಧು. ಚೀನಾ ಮೂಲದ ಈ ಪ್ರಾಣಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಡ್‌ಫರ್ಡ್‌ಶೈರ್‌ನ ವೋಬರ್ನ್ ಎಸ್ಟೇಟಿನಿಂದ ಹೊರಬಿದ್ದು ದಕ್ಷಿಣ ಇಂಗ್ಲೆಂಡಿನ ಉದ್ದಗಲಕ್ಕೂ ಹಬ್ಬಿದೆ. ತೋಳವಾಗಲಿ ಲಿಂಕ್ಸ್ ಎಂಬ ದೊಡ್ಡ ಕಾಡುಬೆಕ್ಕಾಗಲಿ ಉಳಿಯದ ಈ ನಾಡಿನಲ್ಲಿ ಜಿಂಕೆಗಳ ಸಂಖ್ಯೆಯನ್ನು ಮನುಷ್ಯರೇ ಹತೋಟಿಯಲ್ಲಿಡಬೇಕಾಗಿದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ನಿಷಿದ್ಧವಾದ್ದರಿಂದ, ಇಲ್ಲಿ ಹೇಳುವುದೆಲ್ಲವೂ ಇಂಗ್ಲೆಂಡಿನ ಕಾನೂನಿನ ಚೌಕಟ್ಟಿಗೆ ಮಾತ್ರ ಸಂಬಂಧಿಸಿದ್ದು.

ಕೊಡಗಿನಲ್ಲಿ ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ಸಮಯದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡಿ ಬೆಳೆದ ನನಗೆ, ಬಂದೂಕಿಗೆ ಕೋಲಿನ ಆಸರೆ ಕೊಡುವುದು ಮೊದಮೊದಲು ಕೊಂಚ ಸಂಕೋಚದ ವಿಷಯವೇ ಆಗಿತ್ತು. ಆದರೆ ತೆಂಗಿನಕಾಯಿಗೆ ಗುರಿ ತಪ್ಪಿದರೆ ಹೋಗುವುದು ಒಂದು ತೋಟಾ ಮಾತ್ರ. ಜಿಂಕೆಗೆ ಗುರಿ ಅರ್ಧ ತಪ್ಪಿದರೆ ಅದು ಗಾಯಗೊಂಡು ಪೊದೆಯೊಳಗೆ ನುಗ್ಗಿ ನರಳಿ ಸಾಯುತ್ತದೆ. ರೋ ಜಿಂಕೆಯ ಎದೆಯಲ್ಲಿ ಗುಂಡು ಬೀಳಲೇಬೇಕಾದ ಜಾಗದ ಅಗಲ ಸುಮಾರು 10 ಸೆಂಟಿಮೀಟರ್. ಮಲಗಿ ಹೊಡೆದರೆ ಇದು ಕಷ್ಟವಲ್ಲ. ಆದರೆ ಬೇಸಿಗೆಯಲ್ಲಿ ಸೊಂಟದೆತ್ತರ ಬೆಳೆದ ಜರಿಗಿಡ ಮತ್ತು ಗೋಧಿಯ ನಡುವೆ ಮಲಗಿದವನಿಗೆ ಕಾಣುವುದು ಬರೀ ಹಸಿರು. ಹೀಗಾಗಿ ನಿಂತೇ ಹೊಡೆಯಬೇಕು, ನಿಂತು ಹೊಡೆಯಲು ಆಸರೆ ಬೇಕು.

ಒಂಟಿ ಕೋಲು ಬಂದೂಕಿನ ಭಾರವನ್ನು ಹೊರುತ್ತದೆಯೇ ಹೊರತು ಎಡಬಲದ ತೂಗಾಟವನ್ನು ತಡೆಯುವುದಿಲ್ಲ. ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎರಡು ಕೋಲುಗಳನ್ನು ಕತ್ತರಿಯಂತೆ ಕಟ್ಟಿದ್ದು ಬಹಳ ಹಳೆಯ ಉಪಾಯ. 1870ರ ದಶಕದಲ್ಲಿ ಅಮೆರಿಕದ ಬಯಲುಗಳಲ್ಲಿ ಕಾಡೆಮ್ಮೆಗಳನ್ನು ಹೊಡೆಯುತ್ತಿದ್ದವರು ಭಾರವಾದ ಶಾರ್ಪ್ಸ್ ಬಂದೂಕುಗಳನ್ನು ಇಂಥದ್ದರ ಮೇಲೆಯೇ ಇಡುತ್ತಿದ್ದರು. ಆಫ್ರಿಕಾದ ಬೇಟೆಗಾರರು ಮೂರು ಕಾಲಿನದನ್ನು ಮೆಚ್ಚುತ್ತಾರೆ. ಅದು ತಾನಾಗಿಯೇ ನಿಲ್ಲುತ್ತದೆ, ಆದರೆ ಅದೂ ಬಂದೂಕಿನ ಮುಂಭಾಗವನ್ನಷ್ಟೇ ಹೊರುತ್ತದೆ. ನಾಲ್ಕು ಕಾಲಿನ ಕೋಲಿನ ಗುಟ್ಟು ಇಲ್ಲಿದೆ: ಅದರಲ್ಲಿ ಮುಂದೊಂದು ಕವಲು, ಹಿಂದೊಂದು ಕವಲು ಇರುತ್ತವೆ, ನಳಿಗೆಯ ಕೆಳಗಿನ ಮರದ ಭಾಗ ಮುಂದಿನದರಲ್ಲಿಯೂ, ಹೆಗಲಿಗೆ ಒರಗುವ ಬಟ್ ಹಿಂದಿನದರಲ್ಲಿಯೂ ಕೂರುತ್ತವೆ. ನನ್ನ ಅಭಿಪ್ರಾಯದಲ್ಲಿ ಕೋಲು ಕಾರ್ಬನ್ನಿನದೋ ಅಲ್ಯೂಮಿನಿಯಮ್ಮಿನದೋ ಎಂಬುದಕ್ಕಿಂತ ಈ ಹಿಂದಿನ ಆಸರೆ ಇದೆಯೋ ಇಲ್ಲವೋ ಎಂಬುದೇ ಹೆಚ್ಚು ಮುಖ್ಯ, ಏಕೆಂದರೆ ಗುರಿದುರ್ಬೀನಿನಲ್ಲಿ ಕಾಣುವ ನಡುಕದ ಬಹುಪಾಲು ಹೆಗಲು ಮತ್ತು ಉಸಿರಾಟದಿಂದ ಬರುತ್ತದೆ.

ಇದನ್ನು ಮಾಡಲು ನಾನು ಬಳಸಿದ್ದು ತೋಟಗಾರಿಕೆ ಅಂಗಡಿಯಲ್ಲಿ ಬಳ್ಳಿ ಹಬ್ಬಿಸಲು ಮಾರುವ, ಹಸಿರು ಪ್ಲಾಸ್ಟಿಕ್ ಹೊದಿಕೆಯ ಉಕ್ಕಿನ ಕೊಳವೆಗಳನ್ನು. 16 ಮಿಲಿಮೀಟರ್ ದಪ್ಪ, 1.8 ಮೀಟರ್ ಉದ್ದದವು ನಾಲ್ಕು. ಮುಂದಿನ ಜೋಡಿಗೆ ಮೇಲ್ತುದಿಯಿಂದ 15 ಸೆಂಟಿಮೀಟರ್ ಕೆಳಗೆ, ಹಿಂದಿನ ಜೋಡಿಗೆ 20 ಸೆಂಟಿಮೀಟರ್ ಕೆಳಗೆ ರಂಧ್ರ ಕೊರೆದೆ. ಬಟ್ ಅಗಲವಾಗಿರುವುದರಿಂದ ಹಿಂದಿನ ಕವಲು ಆಳವಾಗಿರಬೇಕು. ಪ್ಲಾಸ್ಟಿಕ್ಕಿನ ಮೇಲೆ ಡ್ರಿಲ್ಲಿನ ಮೊನೆ ಜಾರುವುದರಿಂದ ಮೊದಲು ಆ ಜಾಗದ ಹೊದಿಕೆಯನ್ನು ಚಾಕುವಿನಿಂದ ಹೆರೆದು, ಪಂಚ್‌ನಿಂದ ಸಣ್ಣ ಗುಳಿ ಮಾಡಿಕೊಳ್ಳಬೇಕು. ಪ್ರತಿ ಜೋಡಿಯನ್ನೂ 5 ಮಿಲಿಮೀಟರ್ ಬೋಲ್ಟ್ ಮತ್ತು ನೈಲಾನ್ ಬಳೆಯುಳ್ಳ ನಟ್‌ನಿಂದ, ನಡುವೆ ಒಂದು ವಾಷರ್ ಇಟ್ಟು ಬಿಗಿದೆ. ಸಾಮಾನ್ಯ ನಟ್ ಹಾಕಿದರೆ ನಡೆಯುವಾಗಿನ ಅದುರಾಟಕ್ಕೆ ಸಡಿಲವಾಗಿ ಬಿದ್ದೇಹೋಗುತ್ತದೆ. ಕೊನೆಗೆ ಎಡಬದಿಯ ಮುಂಗಾಲು ಮತ್ತು ಹಿಂಗಾಲುಗಳನ್ನು ನೆಲದ ಹತ್ತಿರ ಇನ್ನೊಂದು ಬೋಲ್ಟ್‌ನಿಂದ ಸೇರಿಸಿ, ಬಲಬದಿಗೂ ಹಾಗೆಯೇ ಮಾಡಿದರೆ, ನೆಲಕ್ಕೆ ತಾಗುವ ಪಾದಗಳು ಎರಡೇ ಆಗುತ್ತವೆ. ಮುಚ್ಚಿದಾಗ ಇಡೀ ಕಟ್ಟು ಒಂದೇ ದೊಣ್ಣೆಯಂತೆ ಕೈಗೆ ಬರುತ್ತದೆ; ಪಾದಗಳನ್ನು ಅಗಲಿಸಿ, ಮುಂದಿನ ಕವಲನ್ನು ಮುಂದಕ್ಕೆ ತಳ್ಳಿದರೆ ತೆರೆದುಕೊಳ್ಳುತ್ತದೆ.

ಸದ್ದಿನ ವಿಷಯದಲ್ಲಿ ನಾನು ಹಟವಾದಿ. ಟೊಳ್ಳು ಕೊಳವೆಗಳು ಒಂದಕ್ಕೊಂದು ತಗುಲಿದರೆ ಗಂಟೆಯಂತೆ ನಾದ ಹೊರಡುತ್ತದೆ, ಮುಂಜಾವಿನ ನಿಶ್ಶಬ್ದದಲ್ಲಿ ಅದು ಜಿಂಕೆಯ ಕಿವಿಗೆ ಬಹು ದೂರದಿಂದಲೇ ಮುಟ್ಟುತ್ತದೆ. ಆದ್ದರಿಂದ ಕೊಳವೆಗಳ ಒಳಗೆ ಹಳೆಯ ಸ್ಪಂಜಿನ ಚೂರುಗಳನ್ನು ತುರುಕಿದೆ. ಕವಲುಗಳ ತೋಳುಗಳಿಗೆ ಸೈಕಲ್ಲಿನ ಹಳೆಯ ಟ್ಯೂಬನ್ನು ತೊಡಿಸಿದೆ. ಸೋಪಿನ ನೀರು ಹಚ್ಚಿದರೆ ಟ್ಯೂಬ್ ಸಲೀಸಾಗಿ ಜಾರಿ ಒಳಹೋಗುತ್ತದೆ, ಒಣಗಿದ ಮೇಲೆ ಎಳೆದರೂ ಬರುವುದಿಲ್ಲ. ಕಟ್ಟನ್ನು ಹಿಡಿದಿಡಲು ವೆಲ್ಕ್ರೋ ಪಟ್ಟಿಯನ್ನು ಎಂದಿಗೂ ಬಳಸಬಾರದು, ಬಿಚ್ಚುವಾಗ ಅದು ಮಾಡುವ ಪರ್ರೆಂಬ ಸದ್ದಿಗೆ ಇಡೀ ಬೇಟೆ ಮುಗಿದಂತೆ. ಅದೇ ಟ್ಯೂಬಿನಿಂದ ಕತ್ತರಿಸಿದ ಒಂದು ಬಳೆ ಸಾಕು, ಹೆಬ್ಬೆರಳಿನಿಂದ ಸರಿಸಿದರೆ ಸದ್ದಿಲ್ಲದೆ ಕಳಚುತ್ತದೆ.

ಎತ್ತರದ ಬಗ್ಗೆ ಹೇಳುವುದಾದರೆ, ಗಿಡ್ಡ ಕೋಲಿಗಿಂತ ಉದ್ದದ್ದೇ ಲೇಸು. ಪಾದಗಳನ್ನು ಅಗಲಿಸಿ ಉದ್ದ ಕೋಲನ್ನು ತಗ್ಗಿಸಬಹುದು, ಆದರೆ ಗಿಡ್ಡ ಕೋಲಿಗೆ ನಾವೇ ಬೆನ್ನು ಬಗ್ಗಿಸಬೇಕಾಗುತ್ತದೆ, ಬಗ್ಗಿದ ಬೆನ್ನು ಕ್ಷಣದಲ್ಲಿ ನಡುಗತೊಡಗುತ್ತದೆ. ಬೇಟೆಗೆ ಹಾಕುವ ಬೂಟು ತೊಟ್ಟು, ನೆಟ್ಟಗೆ ನಿಂತು, ಕಣ್ಣು ಮುಚ್ಚಿ ಬಂದೂಕನ್ನು ಹೆಗಲಿಗೇರಿಸಿ, ಆಗ ನಳಿಗೆಯ ಕೆಳಗಿನ ಮರ ಎಷ್ಟು ಎತ್ತರದಲ್ಲಿದೆಯೆಂದು ಇನ್ನೊಬ್ಬರಿಂದ ಅಳೆಸಿಕೊಳ್ಳುವುದು ನಾನು ಕಂಡುಕೊಂಡ ಸರಳ ದಾರಿ. ಇಳಿಜಾರಿನಲ್ಲಿ ಕೆಳಮುಖವಾಗಿ ನಿಂತಾಗ ಇನ್ನೂ ಒಂದು ಗೇಣು ಬೇಕಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮುಂಟ್‌ಜಾಕ್‌ಗೆ ಮಾತ್ರ ಈ ನಾಲ್ಕು ಕಾಲಿನ ಯಂತ್ರ ನಿಧಾನವೆನಿಸುತ್ತದೆ, ಕಾಡುದಾರಿ ದಾಟುವಾಗ ಅದು ನಿಲ್ಲುವುದೇ ಅರೆಗಳಿಗೆ. ಅದಕ್ಕಾಗಿ ಹೇಝಲ್ ಮರದ ಎರಡು ಕೋಲುಗಳ ಸರಳ ಜೋಡಿಯೊಂದನ್ನು ಇಟ್ಟುಕೊಂಡಿದ್ದೇನೆ. ಎಲೆ ಉದುರಿ ರಸ ಇಳಿದ ಚಳಿಗಾಲದಲ್ಲಿ, ಹೆಬ್ಬೆರಳಿಗಿಂತ ತುಸು ದಪ್ಪನೆಯ ನೇರ ಚಿಗುರುಗಳನ್ನು ಕಡಿದು, ಒಟ್ಟಿಗೆ ಬಿಗಿದು, ಬಿಸಿ ತಾಗದ ಕೊಟ್ಟಿಗೆಯಲ್ಲಿ ಒಂದು ವರ್ಷ ಒಣಗಿಸಿ, ಅಗಸೆ ಎಣ್ಣೆ ಹಚ್ಚಿದರೆ ಅದು ಬಾಗುವುದಿಲ್ಲ. ಮರಕ್ಕೆ ಮರ ತಗುಲಿದ ಸದ್ದು ಕಾಡಿನ ಸದ್ದೇ ಆದ್ದರಿಂದ ಜಿಂಕೆ ಅದಕ್ಕೆ ಅಷ್ಟಾಗಿ ಬೆದರುವುದಿಲ್ಲ.

ಹೊಸ ಕೋಲನ್ನು ಕಾಡಿಗೆ ಒಯ್ಯುವ ಮೊದಲು ಗುಂಡು ಹೊಡೆಯುವ ಮೈದಾನದಲ್ಲಿ ಪರೀಕ್ಷಿಸಲೇಬೇಕು. ಇಲ್ಲಿನ ಜಿಂಕೆ ಬೇಟೆಯ ಮೊದಲ ಹಂತದ ಪ್ರಮಾಣಪತ್ರದ ಪರೀಕ್ಷೆಯಲ್ಲಿ 100 ಮೀಟರಿನಲ್ಲಿ ಮಲಗಿ, 70 ಮೀಟರಿನಲ್ಲಿ ಕುಳಿತು ಅಥವಾ ಮಂಡಿಯೂರಿ, 40 ಮೀಟರಿನಲ್ಲಿ ನಿಂತು ಹೊಡೆಯಬೇಕಾಗುತ್ತದೆ. ನಿಂತು ಹೊಡೆಯಲು ಇಟ್ಟಿರುವ ಆ ಕಡಿಮೆ ದೂರವನ್ನು ನೋಡಿದರೆ ನಿಲುವಿನ ಕಷ್ಟ ಅರ್ಥವಾಗುತ್ತದೆ. ನನ್ನ .243 ಇಂಚು ಗುಂಡಿನ ರೈಫಲ್ಲಿನಲ್ಲಿ ನಾಲ್ಕು ಕಾಲಿನದರ ಮೇಲೆ 120 ಮೀಟರ್, ಹೇಝಲ್ ಜೋಡಿಯ ಮೇಲೆ 60 ಮೀಟರ್ ಎಂಬ ಮಿತಿಯನ್ನು ಕಾಗದದ ಗುರಿಯ ಮೇಲೆ ಬಿದ್ದ ತೂತುಗಳನ್ನು ನೋಡಿಯೇ ಹಾಕಿಕೊಂಡಿದ್ದೇನೆ. ಕವಲಿಗೆ ತಾಗುವುದು ಮರದ ಭಾಗವಾಗಿರಬೇಕು. ನಳಿಗೆಯೇ ತಾಗಿದರೆ ಗುಂಡು ಬೀಳುವ ಜಾಗ ಬದಲಾಗುತ್ತದೆ.

ಕೊಂಡೇ ತರುವವರು ಅಂಗಡಿಯಲ್ಲಿ ತಮ್ಮದೇ ಬಂದೂಕಿನ ಅಳತೆಗೆ ಹಿಂದಿನ ಕವಲು ಹೊಂದುತ್ತದೆಯೇ ಎಂದು ನೋಡಬೇಕು, ಒಂದೇ ಕೈಯಿಂದ, ಕೋಲಿನ ಕಡೆ ನೋಡದೆ, ಅದನ್ನು ತೆರೆದು ಮುಚ್ಚಬೇಕು. ಕಾರ್ಬನ್ನಿನವು ಹಗುರ, ಇಡೀ ದಿನ ಹೊತ್ತು ನಡೆಯುವವರಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲ. ನನ್ನ ಉಕ್ಕಿನ ಕೋಲು ಅವುಗಳಿಗಿಂತ ಭಾರವಾದರೂ ಕೆಸರಿನಲ್ಲಿ ಊರಿ ನಡೆಯಲು, ಮುಳ್ಳುಬೇಲಿಯನ್ನು ಅದುಮಿ ದಾಟಲು ಅದೇ ಅನುಕೂಲ. ಪ್ರತಿ ಋತುವಿನ ಮೊದಲು ನಟ್‌ಗಳನ್ನು ಪರೀಕ್ಷಿಸಿ, ಬಿಸಿಲಿಗೆ ಬಿರಿದ ಟ್ಯೂಬನ್ನು ಬದಲಿಸುವುದರ ಹೊರತು ಅದಕ್ಕೆ ಬೇರೆ ಯಾವ ಉಪಚಾರವೂ ಬೇಕಾಗಿಲ್ಲ.