ಇಗರ್ಜಿಯ ಹಳೆ ಪಾನಪಾತ್ರೆಗೆ ಮತ್ತೆ ಚಿನ್ನದ ನೀರು ಹಿಡಿಸಿದ್ದು

ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಬಲಿಪೂಜೆಯ ದ್ರಾಕ್ಷಾರಸ ಹಾಕುವ ಹಳೆ ಪಾನಪಾತ್ರೆ ಕೈಗೆ ಬಂದರೆ ನಾನು ಮೊದಲು ಅದನ್ನು ಮಗುಚಿ ಪಾದದ ಅಡಿ ನೋಡುತ್ತೇನೆ. ಮೇಲಿನ ಬಟ್ಟಲು, ಕೈಹಿಡಿಯಲು ನಡುವೆ ಇರುವ ಗುಬುಟು, ಕೊಳವೆಯಂಥ ಕಾಂಡ, ಅಗಲದ ಪಾದ, ಇವೆಲ್ಲ ಹೊರಗೆ ಒಂದೇ ತುಂಡಿನಂತೆ ಕಾಣುತ್ತವೆ. ಹೆಚ್ಚಿನವು ಹಾಗಿರುವುದಿಲ್ಲ. ಬಟ್ಟಲ ತಳಕ್ಕೆ ಬೆಸೆದ ಥ್ರೆಡ್ ಸರಳೊಂದು ಎಲ್ಲವನ್ನೂ ತೂರಿ ಬಂದು ಪಾದದ ಅಡಿಯಲ್ಲಿ ನಟ್ಟಿಗೆ ಸಿಕ್ಕಿಕೊಂಡಿರುತ್ತದೆ. ಪಾತ್ರೆ ಅಲ್ಲಾಡುತ್ತದೆ ಎಂದು ತಂದವರಲ್ಲಿ ಅರ್ಧ ಜನರದ್ದು ಆ ನಟ್ಟಿನ ತಕರಾರು.

ಮಂಗಳೂರಿನ ರಥಬೀದಿಯ ಹತ್ತಿರ ನಮ್ಮ ಬೆಳ್ಳಿ ಕೆಲಸ. ದೇವರ ಕವಚ, ಪ್ರಭಾವಳಿ, ದೈವದ ಮೊಗ, ಆರತಿ ತಟ್ಟೆ, ಅಜ್ಜನ ಕಾಲದಿಂದ ಇದೇ. ಇಗರ್ಜಿಗಳ ಕೆಲಸವೂ ಆಗಾಗ ಬರುತ್ತದೆ, ಹೆಚ್ಚಾಗಿ ಧೂಪದ ಬುಟ್ಟಿಯ ಸರಪಳಿ, ಶಿಲುಬೆಯ ಹಿಡಿ, ಇಂಥದ್ದು. ಈ ಸಲ ಬಂದದ್ದು ಹಳೆ ಪಾನಪಾತ್ರೆ. ಫಾದರ್ ಒಬ್ಬರೇ ಬಂದಿರಲಿಲ್ಲ, ಜೊತೆಗೆ ವಾಡೆಯ ಗುರ್ಕಾರರೂ, ಅಂದರೆ ಇಗರ್ಜಿಯ ಒಂದು ವಾರ್ಡಿನ ಮುಂದಾಳೂ, ಇದ್ದರು. ಮಖಮಲ್ಲಿನ ಪೆಟ್ಟಿಗೆ ತೆರೆದಾಗ ಕಂಡದ್ದು ಇಷ್ಟು: ಬಟ್ಟಲಿನ ಅಂಚಿನಲ್ಲಿ ಬಿದ್ದು ಆದ ತಗ್ಗು, ಆ ತಗ್ಗಿನಿಂದ ಕೆಳಗೆ ಇಳಿದ ಸಣ್ಣ ಬಿರುಕು, ಒಳಗಿನ ಚಿನ್ನ ಅಲ್ಲಲ್ಲಿ ಸವೆದು ಬೆಳ್ಳಿ ಕಪ್ಪಾದದ್ದು, ಮತ್ತೆ ಆ ಅಲ್ಲಾಟ.

ಭೂತಗಾಜು ಹಿಡಿದು ನೋಡಿದರೆ ಬಟ್ಟಲ ಹೊರಮೈಯಲ್ಲಿ, ಅಂಚಿನ ಸ್ವಲ್ಪ ಕೆಳಗೆ, ಎರಡು ಪುಟ್ಟ ಮುದ್ರೆ. ಒಂದು ಶಿರಸ್ತ್ರಾಣ ತೊಟ್ಟ ಹೆಣ್ಣಿನ ತಲೆ, ಹಣೆಯ ಎದುರು 1 ಎಂಬ ಅಂಕೆ. ಇನ್ನೊಂದು ವಜ್ರಾಕೃತಿಯ ಚೌಕಟ್ಟಿನೊಳಗೆ ತಯಾರಕನ ಅಕ್ಷರಗಳು, ಓದಲಾಗದಷ್ಟು ಸವೆದವು. ಆ ತಲೆ ರೋಮನ್ನರ ಮಿನರ್ವಾ ದೇವಿಯದು. 1838ರಿಂದ ಫ್ರಾನ್ಸಿನಲ್ಲಿ ಬೆಳ್ಳಿಗೆ ಒತ್ತುವ ಸರಕಾರಿ ಮುದ್ರೆ ಇದು. ಹಳೆ ಸಾಮಾನಿನಲ್ಲಿ 1 ಇದ್ದರೆ ಸಾವಿರಕ್ಕೆ 950 ಪಾಲು ಬೆಳ್ಳಿ, 2 ಇದ್ದರೆ 800. ನಮ್ಮ ಊರಲ್ಲಿ ಹಳೆಯದೆಲ್ಲ ಪೋರ್ಚುಗೀಸರದ್ದು ಎಂದು ಹೇಳುವ ಅಭ್ಯಾಸ ಉಂಟು. ಫಾದರಿಗೆ ಮುದ್ರೆ ತೋರಿಸಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. 1878ರ ಕೊನೆಗೆ ಇಟೆಲಿಯ ಜೆಸ್ವಿತ್ ಸಭೆಯ ಪಾದ್ರಿಗಳು ಬರುವ ಮೊದಲು ಇಲ್ಲಿನ ಇಗರ್ಜಿಗಳಲ್ಲಿ ಕಾರ್ಮೆಲ್ ಎಂಬ ಇನ್ನೊಂದು ಸನ್ಯಾಸಿ ಸಭೆಯವರದ್ದೇ ಆಡಳಿತ, ಅವರಲ್ಲಿ ಫ್ರೆಂಚರೂ ಇದ್ದರು, 1870ರಲ್ಲಿ ಫ್ರಾನ್ಸಿನ ಬಯೋನ್‌ನಿಂದ ಕನ್ಯಾಸ್ತ್ರೀಯರೂ ಬಂದರು ಎಂದು ವಿವರಿಸಿದರು. ಈ ಪಾತ್ರೆ ಅವರ ಜೊತೆಗೇ ಬಂತು ಎಂದು ಅವರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಮುದ್ರೆ ಹೇಳುವುದು ದೇಶ ಮತ್ತು ಬೆಳ್ಳಿಯ ಗುಣ, ಅಷ್ಟೇ.

ನಟ್ಟು ಬಿಚ್ಚಿದ ಮೇಲೆ ಇನ್ನೊಂದು ಸಂಗತಿ ಹೊರಬಿತ್ತು. ನಟ್ಟು ಉಜ್ಜಿ ಉಜ್ಜಿ ಪಾದದ ಒಳಮೈ ಅಲ್ಲಿ ಹಳದಿಯಾಗಿತ್ತು, ಸಂದಿಯಲ್ಲಿ ಹಸಿರು ಕಿಲುಬು. ಪಾದದಲ್ಲೂ ಕಾಂಡದಲ್ಲೂ ಹುಡುಕಿದರೆ ಮಿನರ್ವಾ ಇಲ್ಲ.

"ಆಚಾರ್ರೆ, ಇದು ಪೂರ್ತಿ ಬೆಳ್ಳಿಯಲ್ವಾ?" ಗುರ್ಕಾರರು ಕೇಳಿದರು.

"ಬಟ್ಟಲು ಒಳ್ಳೆ ಬೆಳ್ಳಿ. ಕೆಳಗಿನದ್ದು ಹಿತ್ತಾಳೆ, ಮೇಲೆ ಬೆಳ್ಳಿಯ ನೀರು."

ಅವರ ಮುಖ ಸಣ್ಣದಾಯಿತು. ಯಾರೋ ಮೋಸ ಮಾಡಿ ಅಡಿಭಾಗ ಬದಲಾಯಿಸಿದ್ದಾರೆ ಎಂಬ ಸಂಶಯ ಅವರಿಗೆ. ಹಾಗೇನೂ ಆಗಿರಲಿಲ್ಲ. ಕಡಿಮೆ ಖರ್ಚಿನ ಫ್ರೆಂಚ್ ಪಾನಪಾತ್ರೆಗಳನ್ನು ಮಾಡುತ್ತಿದ್ದದ್ದೇ ಹೀಗೆ, ದ್ರಾಕ್ಷಾರಸ ತಾಗುವ ಬಟ್ಟಲು ಮಾತ್ರ ಬೆಳ್ಳಿ, ಉಳಿದದ್ದು ಬೆಳ್ಳಿ ಹಿಡಿಸಿದ ಹಿತ್ತಾಳೆ. ಪಾದದ ಕೆತ್ತನೆಯ ಕೈ, ಸರಳಿನ ಥ್ರೆಡ್, ನಟ್ಟು ಎಲ್ಲ ಒಂದಕ್ಕೊಂದು ಹೊಂದುತ್ತಿದ್ದವು. ಇದನ್ನು ಬಿಡಿಸಿ ಹೇಳುವುದೂ ರಿಪೇರಿಯಷ್ಟೇ ಮುಖ್ಯ ಕೆಲಸ. ಇಲ್ಲದಿದ್ದರೆ ನಾಳೆ ನಾನೇ ಬದಲಾಯಿಸಿದೆ ಎಂಬ ಮಾತು ಬರುತ್ತದೆ. ಅದಕ್ಕೇ ಬಿಚ್ಚಿದ ಪ್ರತಿ ಭಾಗವನ್ನೂ ಅವರ ಎದುರೇ ತೂಗಿ, ಬರೆದು, ಫೋಟೋ ತೆಗೆದು ಕೊಟ್ಟೆ.

ಕೆಲಸದಲ್ಲಿ ನಿಜವಾಗಿ ತಲೆ ತಿಂದದ್ದು ಸೀಸ. ಎಂದೋ ಯಾರೋ ಬಟ್ಟಲ ತಳದಲ್ಲಿ ಸರಳು ಕೂಡುವ ಜಾಗಕ್ಕೆ ರೇಡಿಯೊ ರಿಪೇರಿಯವರು ಹಾಕುವಂಥ ಸೀಸ-ತವರದ ಬೆಸುಗೆ ಹಾಕಿದ್ದರು, ಬಿರುಕಿನ ಬಾಯಿಗೂ ಸ್ವಲ್ಪ ಬಳಿದಿದ್ದರು. ನೋಡುವಾಗ ಅದೂ ಬೆಳ್ಳಿಯ ಬಣ್ಣವೇ. ಬೆಳ್ಳಿಯ ಬೆಸುಗೆಗೆ 700 ಡಿಗ್ರಿಯ ಸುತ್ತಮುತ್ತ ಬಿಸಿ ಬೇಕು, ಆ ಬಿಸಿಗೆ ಸೀಸದ ಒಂದು ಚೂರು ಉಳಿದಿದ್ದರೂ ಅದು ಬೆಳ್ಳಿಯೊಳಗೆ ಇಳಿದು ಗೆದ್ದಲು ತಿಂದ ಮರದ ಹಾಗೆ ಗುಳಿ ಬೀಳಿಸುತ್ತದೆ. ಆ ಗುಳಿಯನ್ನು ಮತ್ತೆ ತುಂಬಿಸುವುದು ಕಷ್ಟ. ಹಾಗಾಗಿ ಊದುಕೊಳವೆಯನ್ನು ಬದಿಗಿಟ್ಟು ಮೊದಲು ಸಣ್ಣ ಬಿಸಿ ಕೊಟ್ಟೆ. 190 ಡಿಗ್ರಿಯ ಹೊತ್ತಿಗೆ ಆ ಬೆಸುಗೆ ಕರಗುತ್ತದೆ, ಕರಗಿದ್ದನ್ನು ಹತ್ತಿ ಬಟ್ಟೆಯಿಂದ ಒರೆಸಿ ತೆಗೆದೆ. ಉಳಿದ ಪದರವನ್ನು ಚೂಪು ಚಾಣದಿಂದ ಕೆರೆದೆ. ಬಿರುಕಿನ ಒಳಗೆ ಹೊಕ್ಕದ್ದು ಕೆರೆಯಲು ಸಿಗುವುದಿಲ್ಲ, ಅದಕ್ಕೆ ಅಸೆಟಿಕ್ ಆಮ್ಲಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಹನಿ ಹನಿ ಬಿಟ್ಟು, ತೊಳೆದು, ಮತ್ತೆ ಗಾಜು ಹಿಡಿದು ನೋಡಿ, ಮತ್ತೆ ಬಿಟ್ಟು. ಗಾಳಿ ಆಡುವ ಜಾಗದಲ್ಲಿ, ಕೈಗವಸು ಹಾಕಿಕೊಂಡು ಮಾಡುವ ಕೆಲಸ ಇದು. ತಾಳ್ಮೆ ಇಲ್ಲದವರು ಬೇರೆಯವರಿಗೆ ಕೊಡುವುದು ಒಳ್ಳೆಯದು.

ತಗ್ಗು ಎಬ್ಬಿಸುವುದು ಅದರ ಮುಂದೆ ಸುಲಭ. ಬಟ್ಟಲ ಒಳಬಾಗಿಗೆ ಸರಿಯಾಗಿ ಹುಣಸೆ ಮರದ ಗುಂಡೊಂದನ್ನು ಉಜ್ಜಿ ಮಾಡಿಕೊಂಡೆ. ಬಿರುಕಿನ ಸುತ್ತ ಬೆಳ್ಳಿ ಗಡಸಾಗಿರುತ್ತದೆ, ಹಾಗೆಯೇ ಬಡಿದರೆ ಬಿರುಕು ಓಡುತ್ತದೆ. ಮಬ್ಬು ಬೆಳಕಿನಲ್ಲಿ ಮಂದ ಕೆಂಪು ಕಾಣುವಷ್ಟು ಕಾಸಿ, ತಣಿಸಿ, ಮರದ ಕೊಡತಿಯಿಂದ ಅಂಚಿನ ಕಡೆಗೆ ಮೆಲ್ಲನೆ ಬಡಿದೆ. ಅದು ಸುತ್ತಿಗೆಯ ಕೆಲಸ ಅಲ್ಲ, ಉಕ್ಕು ತಾಗಿದ ಕಡೆಯೆಲ್ಲ ಲೋಹ ಹಿಗ್ಗಿ ಅಂಚು ಅಲೆ ಅಲೆಯಾಗುತ್ತದೆ. ಆಮೇಲೆ ಬಿಳಿಗಾರ ಹಚ್ಚಿ ಬೆಳ್ಳಿಯ ಬೆಸುಗೆಯಿಂದ ಬಿರುಕು ಮುಚ್ಚಿದೆ.

ಚಿನ್ನದ ವಿಷಯಕ್ಕೆ ಬರುತ್ತೇನೆ. ಇಲ್ಲಿ ಫಾದರಿಗೂ ನನಗೂ ಸ್ವಲ್ಪ ಚರ್ಚೆ ನಡೆಯಿತು. ಹಳೆ ಸಾಮಾನಿನ ಸವೆತವನ್ನು ಆದಷ್ಟು ಮುಟ್ಟಬಾರದು ಎಂಬುದು ನನ್ನ ಅಭಿಪ್ರಾಯ. ಈ ಬಟ್ಟಲಿನಲ್ಲಿ ಆ ಸವೆತಕ್ಕೆ ಒಂದು ಕ್ರಮವೂ ಇತ್ತು. ಅಂಚಿನ ಎಲ್ಲ ಕಡೆ ಒಂದೇ ಸಮ ಸವೆದಿರಲಿಲ್ಲ, ಒಂದು ಬದಿಯಲ್ಲಿ ಎರಡು ಬೆರಳಗಲ ಮಾತ್ರ ಚಿನ್ನ ಪೂರ್ತಿ ಹೋಗಿ ಬೆಳ್ಳಿ ಹೊಳೆಯುತ್ತಿತ್ತು. ಪಾದದ ಮೇಲೊಂದು ಸಣ್ಣ ಶಿಲುಬೆ ಕೊರೆದಿರುತ್ತದೆ, ಗುರುಗಳು ಕುಡಿಯುವ ಬದಿಯ ಗುರುತು ಅದು. ಎಷ್ಟೋ ತಲೆಮಾರಿನ ಗುರುಗಳ ತುಟಿ, ಅವರು ಒರೆಸಿದ ಬಿಳಿ ಬಟ್ಟೆ, ಅದೇ ಜಾಗಕ್ಕೆ ತಾಗಿ ತಾಗಿ ಹಾಗಾಗಿದೆ. ನಟ್ಟು ಸಡಿಲವಾಗಿ ಬಟ್ಟಲು ತಿರುಗಿದ್ದರಿಂದ ಈಗ ಸವೆದ ಜಾಗ ಶಿಲುಬೆಗೆ ಓರೆಯಾಗಿತ್ತು. ಬಟ್ಟಲನ್ನು ಪಾದಕ್ಕೆ ಯಾವ ಕೋನದಲ್ಲಿ ಕೂರಿಸಬೇಕು ಎಂಬುದನ್ನು ನನಗೆ ತೋರಿಸಿಕೊಟ್ಟದ್ದೇ ಆ ಸವೆತ. ಮುಚ್ಚಿಬಿಡಲು ಮನಸ್ಸಾಗಲಿಲ್ಲ.

"ಹಾಗೆ ಬಿಡಲಿಕ್ಕಾಗುವುದಿಲ್ಲ ಆಚಾರ್ರೆ" ಎಂದರು ಫಾದರ್. "ಇದು ಮ್ಯೂಸಿಯಂಗೆ ಹೋಗುವುದಾದರೆ ಬೇರೆ ಮಾತು. ನಾವು ಪೂಜೆಗೆ ಬಳಸುವವರು."

ನಿಯಮ ಅವರ ಕಡೆಗಿತ್ತು. ಬಲಿಪೂಜಾ ಗ್ರಂಥದ ಸಾಮಾನ್ಯ ನಿರ್ದೇಶನಗಳ 328ನೇ ಕಲಮಿನ ಪ್ರಕಾರ ತುಕ್ಕು ಹಿಡಿಯುವ ಅಥವಾ ಚಿನ್ನಕ್ಕಿಂತ ಕಡಿಮೆ ಬೆಲೆಯ ಲೋಹದ ಪಾತ್ರೆಯಾದರೆ ಒಳಗೆ ಸಾಮಾನ್ಯವಾಗಿ ಚಿನ್ನ ಲೇಪಿಸಿರಬೇಕು. ಹಿಂದೆಲ್ಲ ಬಿಷಪರು ಪವಿತ್ರ ತೈಲ ಹಚ್ಚಿ ಪಾನಪಾತ್ರೆಯನ್ನು ಅಭಿಷೇಕ ಮಾಡುತ್ತಿದ್ದರು. ಚಿನ್ನ ಹೊಸತು ಹಾಕಿದರೆ ಆ ಅಭಿಷೇಕ ಹೋಗುತ್ತದೆಯೇ ಎಂದು ಕೇಳಿದೆ. ನಮ್ಮಲ್ಲಿ ಕವಚ ರಿಪೇರಿಯಾದರೆ ಶುದ್ಧಿ ಕಲಶ ಆಗಬೇಕು, ಆ ಲೆಕ್ಕದಲ್ಲಿ. ಚಿನ್ನ ಸವೆದರೂ ಹೊಸತು ಹಿಡಿಸಿದರೂ ಹೋಗುವುದಿಲ್ಲ ಎಂದು 1917ರ ಧರ್ಮಸಭೆಯ ಕಾನೂನಿನಲ್ಲೇ ಇತ್ತು, ಸವೆದರೆ ಮತ್ತೆ ಹಿಡಿಸಲೇಬೇಕು ಎಂದೂ ಇತ್ತು ಎಂದರು. ಸರಿ, ಒಪ್ಪಿದೆ. ಮುಚ್ಚುವ ಮೊದಲು ಸವೆದ ಜಾಗದ ನೇರಕ್ಕೆ ಬಟ್ಟಲ ತಳದಲ್ಲಿ, ಜೋಡಿಸಿದ ಮೇಲೆ ಕಾಣದ ಕಡೆ, ಒಂದು ಸಣ್ಣ ಗೀರು ಹಾಕಿಕೊಂಡೆ.

ಹಳೆಯ ಪದ್ಧತಿಯಲ್ಲಿ ಚಿನ್ನವನ್ನು ಪಾದರಸದಲ್ಲಿ ಕರಗಿಸಿ ಬಳಿದು, ಬೆಂಕಿಗೆ ಹಿಡಿದು ಪಾದರಸ ಹಾರಿಸುತ್ತಿದ್ದರು. ಬಣ್ಣ ಚೆನ್ನಾಗಿ ಬರುತ್ತದೆ, ಆ ಹೊಗೆ ಮನುಷ್ಯನನ್ನು ಕೊಲ್ಲುತ್ತದೆ. ಈಗ ಕರೆಂಟಿನ ಪ್ಲೇಟಿಂಗೇ. ಪೂರ್ತಿ ಪಾತ್ರೆಯನ್ನು ದ್ರಾವಣದಲ್ಲಿ ಮುಳುಗಿಸಿದರೆ ಹೊರಗೂ ಚಿನ್ನ ಕೂರುತ್ತದೆ, ನಮಗೆ ಬೇಕಾದದ್ದು ಒಳಗೆ ಮಾತ್ರ. ಉಪಾಯ ಸರಳ, ಬಟ್ಟಲನ್ನೇ ತೊಟ್ಟಿ ಮಾಡುವುದು. ಒಳಗೆ ಎಣ್ಣೆ ಜಿಡ್ಡು ಇಲ್ಲದಂತೆ ತೊಳೆದು, ಬಿಸಿ ಮಾಡಿದ ಚಿನ್ನದ ದ್ರಾವಣವನ್ನು ಅಂಚಿನವರೆಗೆ ತುಂಬಿಸಿ, ಬಟ್ಟಲಿಗೆ ಕರೆಂಟಿನ ಋಣ (ಮೈನಸ್) ತಂತಿ ಕಚ್ಚಿಸಿ, ನಡುವೆ ಎಲ್ಲೂ ತಾಗದ ಹಾಗೆ ಪ್ಲಾಟಿನಂ ಲೇಪದ ಜಾಲರಿಯೊಂದನ್ನು ತೂಗಿಬಿಟ್ಟೆವು. ತುಟಿ ತಾಗುವ ಹೊರ ಅಂಚಿಗೆ ದ್ರಾವಣ ತಲುಪುವುದಿಲ್ಲ, ಅಲ್ಲಿಗೆ ಪ್ಲೇಟಿಂಗ್ ಪೆನ್ನಿನಿಂದ ಬಳಿದದ್ದು. ಪೇಟೆಯ ಆಭರಣಕ್ಕೆ ಹಾಕುವ ತೆಳು ನೀರು ಇಲ್ಲಿ ನಡೆಯುವುದಿಲ್ಲ, ದಿನಾ ಒರೆಸುವ ಪಾತ್ರೆ ಇದು. ದಪ್ಪ ಪದರ ಹಾಕಿಸಬೇಕು, ಖರ್ಚು ಜಾಸ್ತಿ ಎಂದು ಮೊದಲೇ ಹೇಳಿಬಿಡಬೇಕು. ಒಂದು ಎಚ್ಚರಿಕೆ: ಆ ದ್ರಾವಣದಲ್ಲಿ ಸಯನೈಡ್ ಇರುತ್ತದೆ, ಮತ್ತು ಇದು ಕುಡಿಯುವ ಪಾತ್ರೆ. ಹರಿಯುವ ನೀರಿನಲ್ಲಿ, ಆಮೇಲೆ ಬಿಸಿ ನೀರಿನಲ್ಲಿ, ಸಾಕು ಎನಿಸಿದ ಮೇಲೂ ಇನ್ನಷ್ಟು ತೊಳೆದೆವು. ಬೆಸುಗೆಯ ಜಾಗದಲ್ಲಿ ಸೂಜಿಮೊನೆಯಷ್ಟು ತೂತು ಇದ್ದರೂ ದ್ರಾವಣ ಒಳಗೆ ಅಡಗಿ ಕೂರುತ್ತದೆ, ಅದಕ್ಕೆ ಬಿರುಕು ಮುಚ್ಚಿದ್ದನ್ನು ಮೊದಲೇ ಬೆಳಕಿಗೆ ಹಿಡಿದು ಪರೀಕ್ಷಿಸಿದ್ದೆ.

ಪಾದಕ್ಕೆ ಹೊಸ ಬೆಳ್ಳಿ ಹಿಡಿಸಲಿಲ್ಲ. ಅಲ್ಲಿ ಉಳಿದದ್ದು ತೆಳು ಪದರ, ಕೆತ್ತನೆಯ ಮೂಲೆಯ ಕಪ್ಪಿನಿಂದಲೇ ಅದರ ಅಂದ. ನುಣ್ಣಗೆ ಅರೆದ ಸೀಮೆಸುಣ್ಣವನ್ನು ನೀರಲ್ಲಿ ಕಲಸಿ ಹತ್ತಿಯಿಂದ ಮೇಲ್ಮೈ ಮಾತ್ರ ಒರೆಸಿದೆ. ನಟ್ಟು ಹಳೆಯದೇ. ಅದರ ಥ್ರೆಡ್ ಅಂಗಡಿಯ ಯಾವ ಅಳತೆಗೂ ಕೂಡುವುದಿಲ್ಲ, ಹೊಸ ನಟ್ಟು ಒತ್ತಿ ತಿರುಗಿಸಿದರೆ ಸರಳೇ ಹಾಳು. ಅಡಿಗೆ ತೆಳು ಬೆಳ್ಳಿಯ ವಾಷರ್ ಕೊಟ್ಟು ಬಿಗಿದಾಗ ಗೀರು, ಶಿಲುಬೆ ಒಂದೇ ನೇರಕ್ಕೆ ನಿಂತವು.

ಒಯ್ಯಲು ಬಂದಾಗ ಸಕ್ರಿಸ್ತಿಯ, ಅಂದರೆ ಪೂಜೆಯ ಸಾಮಾನು ಇಡುವ ಕೋಣೆಯ, ಹುಡುಗನನ್ನೂ ಕರೆತರಲು ಹೇಳಿದ್ದೆ. ದಿನಾ ಇದನ್ನು ಮುಟ್ಟುವವನು ಅವನು. ಹೇಳಿದ್ದು ಇಷ್ಟು: ಒರೆಸುವಾಗ ಗುಬುಟಿನಲ್ಲಿ ಹಿಡಿದು ಬಟ್ಟೆಯನ್ನು ತಿರುಗಿಸು, ಪಾದ ಹಿಡಿದು ಬಟ್ಟಲನ್ನು ತಿರುಗಿಸಿದರೆ ನಟ್ಟು ದಿನಕ್ಕೆ ಒಂದಿಷ್ಟು ಬಿಚ್ಚುತ್ತಾ ಹೋಗುತ್ತದೆ. ದ್ರಾಕ್ಷಾರಸದ ಹನಿ ಉಳಿಯಬಾರದು. ಹಿತ್ತಾಳೆ ತಿಕ್ಕುವ ಪುಡಿ, ಟೂತ್‌ಪೇಸ್ಟ್, ಬೂದಿ ಯಾವುದೂ ಬೇಡ. ಅಲ್ಯುಮಿನಿಯಂ ಹಾಳೆ, ಸೋಡಾ ಹಾಕಿ ಬಿಸಿನೀರಲ್ಲಿ ಮುಳುಗಿಸುವ ವಿಡಿಯೊ ನೋಡಿ ಅದನ್ನೂ ಮಾಡಬೇಡ, ನೀರು ಕಾಂಡದೊಳಗೆ ಹೋದರೆ ಒಣಗುವುದಿಲ್ಲ. ಮಳೆಗಾಲದಲ್ಲಿ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಚೀಲ ಇಡು. ಬಟ್ಟೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕುವ ಅಭ್ಯಾಸ ಬಿಡು, ರಬ್ಬರಿನಲ್ಲಿ ಗಂಧಕ ಇರುತ್ತದೆ, ತಾಗಿದಲ್ಲಿ ಬೆಳ್ಳಿಗೆ ಕಪ್ಪು ಗೆರೆ ಬೀಳುತ್ತದೆ.

ಗುರ್ಕಾರರು ಕೊನೆಗೆ ಅದರ ಈಗಿನ ಬೆಲೆ ಎಷ್ಟಾದೀತು ಎಂದು ಕೇಳಿದರು. ಬೆಳ್ಳಿಯ ತೂಕ ಹೇಳಬಲ್ಲೆ, ಹಳೆ ಸಾಮಾನಿನ ಬೆಲೆ ಕಟ್ಟುವುದು ನನ್ನ ಕಸುಬಲ್ಲ ಎಂದೆ. ಬಟ್ಟಲಿನ ಮೊದಲಿನ ತೂಕ, ಈಗಿನ ತೂಕ, ಕೆರೆದು ತೆಗೆದ ಸೀಸದ ಪೊಟ್ಟಣ, ಮಿನರ್ವಾ ಮುದ್ರೆಯ ಫೋಟೋ, ಎಲ್ಲವನ್ನೂ ಬಿಲ್ಲಿನ ಜೊತೆ ಪಿನ್ ಮಾಡಿ ಫಾದರಿಗೆ ಕೊಟ್ಟೆ. ಪಾದ ಹಿತ್ತಾಳೆ ಎಂಬುದನ್ನು ಇಗರ್ಜಿಯ ಆಸ್ತಿ ಪುಸ್ತಕದಲ್ಲಿ ಬರೆದಿಡಿ ಎಂದು ಗುರ್ಕಾರರಿಗೂ ಹೇಳಿದೆ.