ಮೊದಲು ಪಿನ್, ಆಮೇಲೆ ಕಂಪ್ಯೂಟರ್: ನೈರೋಬಿಯಲ್ಲಿ ನಾನು ಫೋನ್ ಕಲಿಸಿದ ಬಗೆ

ಕಣ್ಣು ಕಾಣದವರಿಗೆ ಕಂಪ್ಯೂಟರ್ ಕಲಿಸುವವರು ಸಾಮಾನ್ಯವಾಗಿ ಕೀಬೋರ್ಡಿನಿಂದ ಶುರು ಮಾಡುತ್ತಾರೆ. ಎಫ್ ಮತ್ತು ಜೆ ಕೀಲಿಗಳ ಮೇಲಿನ ಉಬ್ಬುಗೆರೆ ಹುಡುಕಿ ಬೆರಳಿಡುವುದು ಮೊದಲ ಪಾಠ. ಟೈಪಿಂಗ್ ಕೈಗೆ ಹತ್ತಿದ ಮೇಲೆ ಕಂಪ್ಯೂಟರಿನ ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ, ಅದಾದ ಮೇಲೆ ವರ್ಡ್, ಎಕ್ಸೆಲ್. ಬೆಂಗಳೂರಿನಲ್ಲಿ ನಾನೂ ಹಾಗೇ ಕಲಿತವಳು. ಕೀನ್ಯಾದ ರಾಜಧಾನಿ ನೈರೋಬಿಯಲ್ಲಿ ಕಲಿಸಲು ಕೂತಾಗ ಆ ಕ್ರಮವನ್ನು ಬಿಟ್ಟೆ. ಅಲ್ಲಿ ಮೊದಲ ಪಾಠವೇ ದುಡ್ಡಿನದು. ತನ್ನ ಫೋನು, ಅದರಿಂದಲೇ ದುಡ್ಡು ಕಳಿಸುವ ತನ್ನ ಎಂ-ಪೆಸಾ ಖಾತೆ, ತನಗೊಬ್ಬರಿಗೇ ಗೊತ್ತಿರುವ ಪಿನ್.

ನನಗೆ ಹುಟ್ಟಿನಿಂದ ದೃಷ್ಟಿ ಇಲ್ಲ. ಊರು ದಾವಣಗೆರೆ. ಆ್ಯಪ್‌ಗಳನ್ನೂ ಜಾಲತಾಣಗಳನ್ನೂ ಅಂಗವಿಕಲರು ಬಳಸಲು ಆಗುತ್ತದೆಯೇ ಎಂದು ಪರೀಕ್ಷೆ ಮಾಡುವುದು ನನ್ನ ಕೆಲಸ. ನಮ್ಮ ಮನೆಯವರಿಗೆ ನೈರೋಬಿಗೆ ವರ್ಗವಾದಾಗ ನಾನೂ ಜೊತೆಗೆ ಹೋದೆ. ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಮನೆ, ಕೆಲಸ ಮನೆಯಿಂದಲೇ. ದೃಷ್ಟಿ ಇಲ್ಲದವರ ಒಂದು ಸಣ್ಣ ಸಂಘ ಪ್ರತಿ ಶನಿವಾರ ಚರ್ಚಿನ ಹಾಲ್‌ನಲ್ಲಿ ಸೇರುತ್ತಿತ್ತು. ಫೋನ್ ಕಲಿಸಿಕೊಡುತ್ತೀರಾ ಎಂದು ಅವರು ಕೇಳಿದರು. ಒಪ್ಪಿಕೊಂಡೆ.

ನಮ್ಮಲ್ಲಿ ಯುಪಿಐ ಬಂದದ್ದು 2016ರಲ್ಲಿ. ಕೀನ್ಯಾದಲ್ಲಿ ಸಫಾರಿಕಾಮ್ ಕಂಪನಿಯ ಎಂ-ಪೆಸಾ 2007ರಲ್ಲೇ ಶುರುವಾಗಿತ್ತು, ಅದೂ ಇಂಟರ್ನೆಟ್ ಇಲ್ಲದ ಸಾದಾ ಫೋನಿನಲ್ಲಿ. ಸೊಪ್ಪು ಮಾರುವ ಹೆಂಗಸು, ಮಟಾಟು ವ್ಯಾನಿನ ಕಂಡಕ್ಟರ್, ಮನೆ ಬಾಡಿಗೆ, ಶಾಲೆಯ ಶುಲ್ಕ ಎಲ್ಲವೂ ಅದರಲ್ಲೇ. ಬೀದಿ ಬೀದಿಗೂ ಏಜೆಂಟರ ಅಂಗಡಿ. ಇಂಥ ಊರಿನಲ್ಲಿ ಫೋನಿನಿಂದ ದುಡ್ಡು ಕಳಿಸಲು ಬಾರದಿದ್ದರೆ ದಿನ ದೂಡುವುದೇ ಕಷ್ಟ.

ಹಾಗಾದರೆ ಕಣ್ಣು ಕಾಣದವರು ಏನು ಮಾಡುತ್ತಿದ್ದರು? ಫೋನನ್ನು ಮಗನ ಕೈಗೋ ಪಕ್ಕದ ಮನೆಯವರ ಕೈಗೋ ಕೊಟ್ಟು, ಕಿವಿಯಲ್ಲಿ ಪಿನ್ ಹೇಳುತ್ತಿದ್ದರು. ಕೆಲವರು ಏಜೆಂಟರಿಗೇ ಹೇಳುತ್ತಿದ್ದರು. ನಮ್ಮ ತರಗತಿಗೆ ಬಂದವರಲ್ಲಿ ಹೆಚ್ಚಿನವರ ಪಿನ್ ಇನ್ನೊಬ್ಬರಿಗೆ ಗೊತ್ತಿತ್ತು. ಕವಾಂಗ್ವಾರೆ ಕಡೆಯಿಂದ ಸುಕುಮಾ ಸೊಪ್ಪು ಮಾರುವ ಒಬ್ಬ ಹಿರಿಯಾಕೆ ಬರುತ್ತಿದ್ದರು. ಎಲ್ಲರೂ ಅವರನ್ನು ಮಾಮಾ ಎಂದೇ ಕರೆಯುತ್ತಿದ್ದರು, ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಅಮ್ಮ ಎಂದರ್ಥ. ಅವರ ಖಾತೆಯಲ್ಲಿ ಎಷ್ಟಿದೆ ಎಂದು ಅವರಿಗಿಂತ ಮೊದಲು ಅಣ್ಣನ ಮಗನಿಗೆ ಗೊತ್ತಾಗುತ್ತಿತ್ತು. "ಮ್ವಾಲಿಮು, ಹುಡುಗ ಒಳ್ಳೆಯವನೇ. ಆದರೆ ಲೆಕ್ಕ ಕೇಳಿದರೆ ನನ್ನನ್ನು ನಂಬಲ್ವಾ ಅಂತಾನೆ" ಎಂದರು. ಅಲ್ಲಿ ಟೀಚರನ್ನು ಮ್ವಾಲಿಮು ಅಂತ ಕರೆಯುತ್ತಾರೆ. ಈ ಮಾತನ್ನು ನಾನು ದಾವಣಗೆರೆಯಲ್ಲೂ ಕೇಳಿದ್ದೇನೆ, ಬೆಂಗಳೂರಿನಲ್ಲೂ ಕೇಳಿದ್ದೇನೆ. ನೆರವು ಕೊಡುವವರನ್ನು ಲೆಕ್ಕ ಕೇಳಲಾಗದ ಸ್ಥಿತಿ ಬಹಳ ಕೆಟ್ಟದ್ದು. ಅದಕ್ಕೇ ನಾನು ಇಲ್ಲಿಂದಲೇ ಶುರು ಮಾಡಿದ್ದು.

ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಅಂತ ಒಂದು ಸೌಲಭ್ಯ ಇದೆ. ಪರದೆಯ ಮೇಲೆ ಬೆರಳಿಟ್ಟಲ್ಲಿ ಏನಿದೆ ಎಂದು ಓದಿ ಹೇಳುತ್ತದೆ. ಬಲಕ್ಕೆ ಸವರಿದರೆ ಮುಂದಿನದು, ಎರಡು ಸಲ ತಟ್ಟಿದರೆ ಆಯ್ಕೆ. ಇಷ್ಟನ್ನು ಒಂದೆರಡು ವಾರದಲ್ಲಿ ಯಾರು ಬೇಕಾದರೂ ಕಲಿಯುತ್ತಾರೆ. ಕಷ್ಟ ಇದ್ದದ್ದು ದುಡ್ಡು ಕಳಿಸುವ ದಾರಿಯಲ್ಲಿ. *334# ಒತ್ತಿದರೆ ಒಂದು ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಅದರೊಳಗೆ ಮೆನು ಪೂರ್ತಿ ಒಂದೇ ಉಸಿರಿನಲ್ಲಿ, ಕೆಳಗೆ ಅಂಕಿ ಬರೆಯುವ ಜಾಗ. ಟಾಕ್‌ಬ್ಯಾಕ್ ಮೆನುವನ್ನು ಓದಿ ಮುಗಿಸಿ, ಇವರು ಯೋಚಿಸಿ, ಅಂಕಿ ಹುಡುಕಿ ಒತ್ತುವ ಹೊತ್ತಿಗೆ ಸಮಯ ಮುಗಿದು ಪೆಟ್ಟಿಗೆ ಮುಚ್ಚಿಕೊಳ್ಳುತ್ತದೆ. ಮತ್ತೆ ಮೊದಲಿನಿಂದ. ಸಿಮ್ ಕಾರ್ಡಿನ ಜೊತೆಗೇ ಬರುವ ಟೂಲ್‌ಕಿಟ್ ಮೆನುವಿನಲ್ಲಿ ಈ ಕಾಟ ಕಡಿಮೆ. ಅಲ್ಲಿ ಒಂದೊಂದು ಆಯ್ಕೆಯೂ ಬೇರೆ ಬೇರೆ ಸಾಲಿನಲ್ಲಿ ಇರುತ್ತದೆ, ಸವರುತ್ತಾ ಹೋದರೆ ಆಯಿತು. ಹಾಗಾಗಿ ಎಲ್ಲರಿಗೂ ಟೂಲ್‌ಕಿಟ್ ದಾರಿಯನ್ನೇ ಮೊದಲು ಹೇಳಿಕೊಟ್ಟೆ.

ಪಿನ್ ಒತ್ತುವಾಗ ಇನ್ನೊಂದು ತೊಡಕು. ಅಂಕಿಯ ಮೇಲೆ ಬೆರಳಿಟ್ಟಾಗ ಫೋನು ಅದನ್ನು ಗಟ್ಟಿಯಾಗಿ ಹೇಳಿಬಿಟ್ಟರೆ ಗುಟ್ಟು ಎಲ್ಲಿ ಉಳಿಯುತ್ತದೆ? ಆದ್ದರಿಂದ ಇಯರ್‌ಫೋನ್ ಕಡ್ಡಾಯ ಮಾಡಿದೆ. ಅದೂ ಒಂದೇ ಕಿವಿಗೆ. ಇನ್ನೊಂದು ಕಿವಿ ಬೀದಿಗೆ ತೆರೆದಿರಬೇಕು. ಅಲ್ಲಿನ ಪೇಟೆಯ ಗದ್ದಲದಲ್ಲಿ ಎರಡೂ ಕಿವಿ ಮುಚ್ಚಿಕೊಂಡು ನಿಲ್ಲುವುದು ಸುರಕ್ಷಿತವಲ್ಲ.

ಪಿನ್ ಒತ್ತಿದ ಮೇಲೆ ಹಣ ಯಾರಿಗೆ ಹೋಗುತ್ತಿದೆ ಎಂದು ಎಂ-ಪೆಸಾ ಹೆಸರು ತೋರಿಸುತ್ತದೆ. ಹೆಸರು ಬೇರೆಯಾಗಿದ್ದರೆ ತಡೆಯಲು ಕೆಲವು ಸೆಕೆಂಡು ಕೊಡುತ್ತದೆ. ಇದಕ್ಕೆ ಹಕಿಕಿಶಾ ಎಂದು ಹೆಸರು. ಕಣ್ಣಿದ್ದವರಿಗೆ ಆ ಸೆಕೆಂಡುಗಳು ಧಾರಾಳ. ನಿಧಾನವಾಗಿ ಓದುವ ದನಿಯನ್ನು ಕೇಳುವವರಿಗೆ ಸಾಲದು. ಹಾಗಾಗಿ ವೇಗವಾಗಿ ಕೇಳಿಸಿಕೊಳ್ಳುವುದನ್ನೇ ಒಂದು ಪಾಠ ಮಾಡಿದೆ. ಹಳೆಯ ಎಂ-ಪೆಸಾ ಮೆಸೇಜುಗಳನ್ನು ತೆಗೆಸುತ್ತಿದ್ದೆ. ದನಿಯ ವೇಗ ಒಂದು ಹಂತ ಏರಿಸಿ, ಮೊತ್ತ ಎಷ್ಟು, ಹೆಸರು ಯಾವುದು ಎಂದು ಕೇಳುತ್ತಿದ್ದೆ. ಸರಿ ಹೇಳಿದರೆ ಇನ್ನೊಂದು ಹಂತ. ಹುಡುಗರಿಗೆ ಇದು ಪಂದ್ಯದಂತೆ ಆಗಿಬಿಟ್ಟಿತು. ಮಾಮಾ ಮಾತ್ರ ಹಟ ಹಿಡಿದು ಕಲಿತರು. ತಮ್ಮ ಬ್ಯಾಲೆನ್ಸ್ ಮೆಸೇಜನ್ನು ಮೊದಲ ಸಲ ತಾವೇ ಕೇಳಿಸಿಕೊಂಡ ದಿನ ಅದನ್ನು ಮತ್ತೆ ಮತ್ತೆ ಓದಿಸಿದರು. ಆಮೇಲೆ ಹಾಲ್‌ನಲ್ಲೇ ಕೂತು ಪಿನ್ ಬದಲಾಯಿಸಿದರು. ಹೊಸ ಪಿನ್ ಏನು ಅಂತ ನಾವ್ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ದನಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ತರಬೇತಿ ಕೊಡುವವರು ಇದನ್ನು ಮರೆಯುವುದೇ ಜಾಸ್ತಿ. ಅಂಗಡಿಯಿಂದ ತಂದ ಫೋನು ಇಂಗ್ಲಿಷ್ ದನಿಯಲ್ಲಿ ಮಾತಾಡುತ್ತದೆ. ಸ್ವಾಹಿಲಿ ಮೆಸೇಜಿನಲ್ಲಿ "ಉಮೆಪೊಕೆಯಾ", ಅಂದರೆ ನಿಮಗೆ ಹಣ ಬಂದಿದೆ ಎಂದಿರುತ್ತದೆ. ಇಂಗ್ಲಿಷ್ ದನಿ ಅದನ್ನು ಗುರುತೇ ಸಿಗದಂತೆ ಓದುತ್ತದೆ. ಕೇಳಿದವರು ತಮಗೇ ತಿಳಿಯುತ್ತಿಲ್ಲ ಅಂದುಕೊಂಡು ಫೋನ್ ಕೆಳಗಿಡುತ್ತಾರೆ. ಗೂಗಲ್‌ನಲ್ಲಿ ಸ್ವಾಹಿಲಿ ದನಿ ಇದೆ. ಕಂಪ್ಯೂಟರಿನಲ್ಲಾದರೆ ಎನ್‌ವಿಡಿಎ ಜೊತೆ ಬರುವ ಇಸ್ಪೀಕ್ ಎಂಬ ದನಿಯ ತಂತ್ರಾಂಶದಲ್ಲೂ ಇದೆ. ಅದೇ ಪುಟ್ಟ ಇಸ್ಪೀಕ್ ನಮ್ಮ ಕನ್ನಡವನ್ನೂ ಓದುತ್ತದೆ. ಆದರೆ ಕಿಕುಯು, ಲುವೋ ನುಡಿಗಳಿಗೆ ನಾನಿದ್ದಾಗ ಫೋನಿನಲ್ಲಿ ದನಿ ಇರಲಿಲ್ಲ. ಊರಿನಿಂದ ಕಿಕುಯುವಿನಲ್ಲಿ ಬಂದ ಮೆಸೇಜನ್ನು ಸ್ವಾಹಿಲಿ ದನಿಗೇ ಓದಿಸುತ್ತಿದ್ದೆವು. ಉಚ್ಚಾರ ಅಷ್ಟಕ್ಕಷ್ಟೇ, ಆದರೂ ವಿಷಯ ತಿಳಿಯುತ್ತಿತ್ತು. ಪ್ರತಿಯೊಬ್ಬರ ಫೋನಿಗೂ ದನಿ ಇಳಿಸಿ ಕೊಟ್ಟ ಮೇಲೆಯೇ ಪಾಠ ಶುರು ಮಾಡುವುದು ನಮ್ಮ ಪದ್ಧತಿಯಾಯಿತು.

ಇನ್ನು ಫೋನೇ ಇಲ್ಲದವರ ಮಾತು. ನೆರವಿನ ಸಾಧನಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2022ರಲ್ಲಿ ಒಂದು ವರದಿ ತಂದವು. ಕನ್ನಡಕ, ಗಾಲಿಕುರ್ಚಿ, ಶ್ರವಣ ಸಾಧನ, ಓದಿ ಹೇಳುವ ತಂತ್ರಾಂಶ ಇಂಥವು ಬೇಕಾದವರು ಜಗತ್ತಿನಲ್ಲಿ 250 ಕೋಟಿಗೂ ಹೆಚ್ಚು. ಅವರಲ್ಲಿ ಸುಮಾರು 100 ಕೋಟಿ ಜನಕ್ಕೆ ಸಿಗುತ್ತಿಲ್ಲ. ಕೆಲವು ಬಡ ದೇಶಗಳಲ್ಲಿ ಬೇಕಾದವರಲ್ಲಿ ನೂರಕ್ಕೆ ಮೂವರಿಗೆ ಮಾತ್ರ ಸಿಗುತ್ತದಂತೆ. ದಾನಿಗಳು ಬಂದಾಗ ದುಬಾರಿ ಬ್ರೈಲ್ ಯಂತ್ರ ಕೊಡಿಸೋಣ ಎನ್ನುತ್ತಾರೆ. ಬ್ರೈಲ್ ಬೇಕೇ ಬೇಕು, ನಾನು ಬ್ರೈಲ್‌ನಲ್ಲೇ ಅಕ್ಷರ ಕಲಿತವಳು. ಆದರೆ ಆ ದುಡ್ಡಿನಲ್ಲಿ ಹಲವರಿಗೆ ಫೋನ್ ಕೊಡಿಸಬಹುದು ಎಂದು ನಾನು ಪ್ರತಿ ಸಲ ವಾದ ಮಾಡುತ್ತಿದ್ದೆ. ನಡುವಯಸ್ಸಿನಲ್ಲಿ ದೃಷ್ಟಿ ಹೋದವರಲ್ಲಿ ಹೆಚ್ಚಿನವರಿಗಂತೂ ಬ್ರೈಲ್ ಬರುವುದಿಲ್ಲ.

ಫೋನ್ ಕೊಳ್ಳಲು ಲುಥುಲಿ ಅವೆನ್ಯೂಗೆ ಹೋಗುತ್ತಿದ್ದೆವು. ನಮ್ಮ ಬೆಂಗಳೂರಿನ ಎಸ್.ಪಿ. ರಸ್ತೆಯ ಹಾಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸಾಲು. ಅಗ್ಗದ ಕೆಲವು ಫೋನುಗಳಲ್ಲಿ ಟಾಕ್‌ಬ್ಯಾಕ್ ಇರುವುದೇ ಇಲ್ಲ. ಕೆಲವಲ್ಲಿ ಇದ್ದರೂ ಮೆಮೊರಿ ಸಾಲದೆ, ತಟ್ಟಿದ ಎಷ್ಟೋ ಹೊತ್ತಿನ ಮೇಲೆ ದನಿ ಬರುತ್ತದೆ. ಹಾಗಾಗಿ ಅಂಗಡಿಯಲ್ಲೇ ಸೆಟ್ಟಿಂಗ್ಸ್ ತೆರೆಸಿ ಟಾಕ್‌ಬ್ಯಾಕ್ ಆನ್ ಮಾಡಿಸುತ್ತಿದ್ದೆ. ಬೆರಳು ಸವರಿದ ಕೂಡಲೇ ಮಾತಾಡಿದರೆ ಮಾತ್ರ ದುಡ್ಡು. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಅಂಗಡಿಯವರು ಹೇಳುತ್ತಲೇ ಇರುತ್ತಾರೆ, ನಾವು ದನಿಯನ್ನು ಮಾತ್ರ ನೋಡಬೇಕು.

ಕಂಪ್ಯೂಟರ್ ಬೇಡ ಎಂದು ನಾನು ಹೇಳುತ್ತಿಲ್ಲ. ನೈರೋಬಿಯ ಇನೇಬಲ್ ಸಂಸ್ಥೆ 2009ರಲ್ಲಿ ಶುರುವಾಯಿತು. ಕಟ್ಟಿದವರು ಇರೀನ್ ಮ್ಬಾರಿ-ಕಿರಿಕಾ. ತಿಕಾ ಊರಿನ ಅಂಧರ ಶಾಲೆಯಂಥ ಕಡೆ ಅವರು ಕಂಪ್ಯೂಟರ್ ಲ್ಯಾಬ್ ಮಾಡಿದರು. ಮಕ್ಕಳಿಗೆ ಅದೇ ಸರಿಯಾದ ದಾರಿ. ನನ್ನ ತರಗತಿಗೆ ಬರುತ್ತಿದ್ದವರು ಅಂಥ ಶಾಲೆಯ ಮುಖ ನೋಡದವರು, ಇಲ್ಲವೇ ದೊಡ್ಡವರಾದ ಮೇಲೆ ದೃಷ್ಟಿ ಕಳೆದುಕೊಂಡವರು. ಅವರಿಗೆ ಫೋನು ಒಗ್ಗಿದ ಮೇಲೆ ಎನ್‌ವಿಡಿಎ ಕಲಿಸಿದೆ. ಅದು ಉಚಿತ. ಆಸ್ಟ್ರೇಲಿಯಾದ ಇಬ್ಬರು ದೃಷ್ಟಿ ಇಲ್ಲದ ತರುಣರು, ಮೈಕಲ್ ಕರ್ರನ್ ಮತ್ತು ಜೇಮ್ಸ್ ಟೆಹ್, 2006ರಲ್ಲಿ ಶುರು ಮಾಡಿದ ಕೆಲಸ. ಹಣ ಕೊಟ್ಟು ಕೊಳ್ಳುವ ತಂತ್ರಾಂಶ ಮಾತ್ರ ಇದ್ದಿದ್ದರೆ ದಾವಣಗೆರೆಯ ನನಗೂ ಈ ಕೆಲಸ ಸಿಗುತ್ತಿರಲಿಲ್ಲ, ನೈರೋಬಿಯ ಆ ಹುಡುಗರಿಗೂ ಎಕ್ಸೆಲ್ ಬರುತ್ತಿರಲಿಲ್ಲ.

ಕೆಲವು ತಿಂಗಳ ನಂತರ ಕಿವಿ ಕೇಳದ ಹುಡುಗಿಯರಿಬ್ಬರು ನಮ್ಮ ವಾಟ್ಸ್ಆ್ಯಪ್ ಗುಂಪಿಗೆ ಸೇರಿದರು. ಅಲ್ಲಿಯವರೆಗೆ ಎಲ್ಲರೂ ಧ್ವನಿ ಸಂದೇಶವನ್ನೇ ಹಾಕುತ್ತಿದ್ದೆವು, ನಮಗೆ ಅದೇ ಸುಲಭ. ಅವರಿಗೆ ಅದು ಉಪಯೋಗವಿಲ್ಲ. ಅವರು ಸಂಜ್ಞೆ ಭಾಷೆಯಲ್ಲಿ ಹಾಕುವ ವಿಡಿಯೊ ನಮಗೆ ಉಪಯೋಗವಿಲ್ಲ. ಕೊನೆಗೆ ಒಂದು ನಿಯಮ ಮಾಡಿದೆವು. ಏನೇ ಹಾಕಿದರೂ ಕೆಳಗೆ ಎರಡು ಸಾಲು ಟೈಪ್ ಮಾಡಬೇಕು. ಅಕ್ಷರವಾದರೆ ನಮ್ಮ ಫೋನು ಓದುತ್ತದೆ, ಅವರ ಕಣ್ಣು ಓದುತ್ತದೆ. ಪೋಸ್ಟರ್ ಚಿತ್ರ ಹಾಕಿ ಸುಮ್ನೆ ಬಿಡುವುದನ್ನು ನಿಲ್ಲಿಸಿದೆವು. ನಮ್ಮ ಕನ್ನಡದ ಗುಂಪುಗಳಲ್ಲೂ ಮದುವೆ ಕರೆಯೋಲೆಯಿಂದ ಉದ್ಯೋಗದ ಪ್ರಕಟಣೆಯವರೆಗೆ ಎಲ್ಲ ಬರೀ ಚಿತ್ರವಾಗಿಯೇ ಬರುತ್ತದೆ. ಓದುವವರೇ, ದಯವಿಟ್ಟು ವಿಷಯವನ್ನು ಟೈಪ್ ಮಾಡಿಯೂ ಹಾಕಿ.

ನನ್ನ ವೃತ್ತಿ ಉಪಯೋಗಕ್ಕೆ ಬಂದದ್ದು ಆ್ಯಪ್‌ಗಳ ವಿಷಯದಲ್ಲಿ. ಸಾಲ ಕೊಡುವ ಒಂದು ಆ್ಯಪ್‌ನಲ್ಲಿ ಗುಂಡಿಗಳಿಗೆ ಹೆಸರೇ ಇರಲಿಲ್ಲ. ಟಾಕ್‌ಬ್ಯಾಕ್ ಪ್ರತಿಯೊಂದಕ್ಕೂ "ಅನ್‌ಲೇಬಲ್ಡ್" ಎನ್ನುತ್ತಿತ್ತು. ಯಾವುದು ಒಪ್ಪಿಗೆ, ಯಾವುದು ರದ್ದು ಎಂದು ತಿಳಿಯದೆ ಸಾಲ ತೆಗೆದುಕೊಳ್ಳುವುದು ಹೇಗೆ? ಇಂಥ ಗುಂಡಿಗೆ ನಮ್ಮದೇ ಹೆಸರು ಬರೆದಿಟ್ಟುಕೊಳ್ಳಲು ಟಾಕ್‌ಬ್ಯಾಕ್‌ನಲ್ಲಿ ಅವಕಾಶವಿದೆ. ಅದನ್ನು ಹೇಳಿಕೊಟ್ಟೆ. ಆದರೆ ಅದು ಆ ಒಂದು ಫೋನಿಗೆ ಮಾತ್ರ. ನಿಜವಾದ ಪರಿಹಾರ ಕಂಪನಿಯೇ ಕೊಡಬೇಕು. ಅದಕ್ಕೆ ದೂರು ಬರೆಯುವುದನ್ನೂ ಕಲಿಸಿದೆ. "ನಿಮ್ಮ ಆ್ಯಪ್ ಚೆನ್ನಾಗಿಲ್ಲ" ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಫೋನಿನ ಮಾದರಿ, ಆ್ಯಪ್‌ನ ಆವೃತ್ತಿ, ಯಾವ ಪರದೆ, ಟಾಕ್‌ಬ್ಯಾಕ್ ಏನು ಹೇಳಿತು, ಏನು ಹೇಳಬೇಕಿತ್ತು ಎಂದು ಬರೆಯಬೇಕು. ಜೊತೆಗೆ ದನಿ ಸಮೇತ ಪರದೆಯ ರೆಕಾರ್ಡಿಂಗ್ ಕಳಿಸಬೇಕು. ಹೀಗೆ ಕಳಿಸಿದ ಮೇಲೆ ಆ ಆ್ಯಪ್‌ನ ಮುಂದಿನ ಒಂದು ಆವೃತ್ತಿಯಲ್ಲಿ ಮುಖ್ಯ ಗುಂಡಿಗಳಿಗೆ ಹೆಸರು ಬಂತು.

ದೂರಿನ ಜೊತೆ ಕಾನೂನನ್ನೂ ನಮೂದಿಸುತ್ತಿದ್ದೆವು. ಕೀನ್ಯಾದ 2010ರ ಸಂವಿಧಾನದಲ್ಲೇ ಕೀನ್ಯಾದ ಸಂಜ್ಞೆ ಭಾಷೆ ಮತ್ತು ಬ್ರೈಲ್ ಬೆಳೆಸಬೇಕು ಎಂದಿದೆ. 54ನೇ ವಿಧಿ ಅಂಗವಿಕಲರ ಹಕ್ಕುಗಳದು. 2022ರಲ್ಲಿ ಅಲ್ಲಿನ ಮಾನಕ ಸಂಸ್ಥೆ ಡಿಜಿಟಲ್ ಸೇವೆಗಳು ಎಲ್ಲರಿಗೂ ಬಳಸಲು ಬರುವಂತಿರಬೇಕು ಎಂದು ಕೆಎಸ್ 2952 ಎಂಬ ಮಾನದಂಡ ತಂದಿತು. ಆಫ್ರಿಕಾ ಒಕ್ಕೂಟ 2018ರಲ್ಲಿ ಒಪ್ಪಿದ ಅಂಗವಿಕಲರ ಹಕ್ಕುಗಳ ಒಪ್ಪಂದ 2024ರಲ್ಲಿ ಜಾರಿಗೆ ಬಂತು. ದೂರಿನ ಕೊನೆಯಲ್ಲಿ ಇಂಥದ್ದೊಂದು ಸಾಲು ಇದ್ದರೆ ಉತ್ತರ ಬೇಗ ಬರುತ್ತದೆ.

ನಾವಿನ್ನೂ ದಾಟದ ಅಡ್ಡಿ ಎಂದರೆ ಮುಖ ತೋರಿಸುವ ಪರೀಕ್ಷೆ. ಖಾತೆ ತೆರೆಯುವಾಗ ಮುಖವನ್ನು ವೃತ್ತದೊಳಗೆ ತನ್ನಿ, ಕಣ್ಣು ಮಿಟುಕಿಸಿ ಎನ್ನುತ್ತದೆ ಫೋನು. ವೃತ್ತ ಎಲ್ಲಿದೆ ಎಂದು ನಮಗೆ ಕಾಣುವುದಿಲ್ಲ. ಕೆಲವರಿಗೆ ರೆಪ್ಪೆ ಆಡಿಸಲೂ ಆಗುವುದಿಲ್ಲ. 2025ರ ಏಪ್ರಿಲ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಈ ವಿಷಯದಲ್ಲೇ ತೀರ್ಪು ಕೊಟ್ಟಿತು. ಆ್ಯಸಿಡ್ ದಾಳಿಗೆ ಒಳಗಾದವರು ಮತ್ತು ದೃಷ್ಟಿ ಇಲ್ಲದವರು ಹಾಕಿದ ಅರ್ಜಿ ಅದು. ಡಿಜಿಟಲ್ ಸೇವೆ ಪಡೆಯುವುದು ಬದುಕುವ ಹಕ್ಕಿನ ಭಾಗ ಎಂದು ಕೋರ್ಟ್ ಹೇಳಿತು. ಅಷ್ಟು ಹೊತ್ತಿಗೆ ನಾನು ಬೆಂಗಳೂರಿಗೆ ವಾಪಸಾಗಿದ್ದೆ. ತೀರ್ಪನ್ನು ನೈರೋಬಿಯ ಗುಂಪಿಗೆ ಕಳಿಸಿದೆ, ಜೊತೆಗೆ ಎರಡು ಸಾಲು ಟೈಪ್ ಮಾಡಿ.

ಈಗ ಚರ್ಚ್ ಹಾಲ್‌ನ ತರಗತಿಯನ್ನು ಅಲ್ಲೇ ಕಲಿತ ಇಬ್ಬರು ನಡೆಸುತ್ತಿದ್ದಾರೆ. ಒಬ್ಬ ಹುಡುಗ ಮಚಾಕೋಸ್ ಕಡೆಯವನು. ಅವನು ಹೊಸಬರಿಗೆ ಕಿಕಾಂಬಾ ನುಡಿಯಲ್ಲಿ ವಿವರಿಸುತ್ತಾನೆ, ನನ್ನಿಂದ ಅದು ಆಗುತ್ತಿರಲಿಲ್ಲ. ಕಣ್ಣಿದ್ದವರು ಕಲಿಸಿದರೆ "ಅಲ್ಲಿ ನೀಲಿ ಗುಂಡಿ ಇದೆಯಲ್ಲ" ಎನ್ನುತ್ತಾರೆ. ಇವನು "ಮೂರು ಸಲ ಬಲಕ್ಕೆ ಸವರಿ" ಎನ್ನುತ್ತಾನೆ. ಹಾಗಾಗಿ ಕಲಿಸಲು ಇವರಿಗೇ ಸಂಬಳ ಕೊಡಬೇಕು ಎಂದು ದಾನಿಗಳಲ್ಲಿ ಈಗಲೂ ಹೇಳುತ್ತಿದ್ದೇನೆ. ಫೋನ್ ಕೊಡಿಸಲು ಒಪ್ಪಿದಷ್ಟು ಸುಲಭವಾಗಿ ಸಂಬಳಕ್ಕೆ ಅವರು ಒಪ್ಪುತ್ತಿಲ್ಲ. ಮುಖ ಪರೀಕ್ಷೆಯ ಬಗ್ಗೆ ಒಂದು ಕಂಪನಿಗೆ ಕಳಿಸಿದ ದೂರಿಗೆ ಇನ್ನೂ ಉತ್ತರ ಬಂದಿಲ್ಲ. ಮುಂದಿನ ದೂರನ್ನು ತರಗತಿಯವರೇ ಬರೆಯುತ್ತಿದ್ದಾರೆ, ಕಳಿಸುವ ಮೊದಲು ನಾನು ಒಮ್ಮೆ ಓದಿಕೊಡುತ್ತೇನೆ.